ನದಿ ನೌಕೆಯ ತಂಗುದಾಣವೂ ದ್ರಾಕ್ಷಿ ಕಣಿವೆಯ ವ್ಯಾಪಾರವೂ: ಪೋರ್ಚುಗಲ್ಲಿನ ಡೌರೋ ನದಿಯ ನಿದರ್ಶನ

ಪ್ರವಾಸೋದ್ಯಮದಿಂದ ಸ್ಥಳೀಯ ವ್ಯಾಪಾರಕ್ಕೆ ಲಾಭವಾಗುತ್ತದೆಂಬ ಮಾತನ್ನು ನಾವು ಸಭೆ ಸಮಾರಂಭಗಳಲ್ಲಿ ಮೇಲಿಂದ ಮೇಲೆ ಕೇಳುತ್ತಿರುತ್ತೇವೆ. ಆದರೆ ಪ್ರವಾಸಿಯು ತನ್ನ ಕೊಠಡಿ, ಊಟ, ಪಾನೀಯ, ಮನರಂಜನೆಗಳನ್ನೆಲ್ಲ ತನ್ನೊಡನೆಯೇ ಹೊತ್ತು ತಂದರೆ ಊರಿನ ಅಂಗಡಿಕಾರನಿಗೆ ಉಳಿಯುವುದೇನು? ನದಿಯ ವಿಹಾರ ನೌಕೆಗಳು ಬಂದು ನಿಲ್ಲುವ ಊರುಗಳೆಲ್ಲ ಎದುರಿಸಬೇಕಾದ ಪ್ರಶ್ನೆಯಿದು. ವಿಹಾರ ನೌಕೆಯೆಂದರೆ ತೇಲುವ ಹೋಟೆಲು. ಪ್ರವಾಸಿಯು ಊರು ಬಿಡುವ ಮುನ್ನವೇ ಬಹುಪಾಲು ಹಣವನ್ನು ನೌಕಾ ಕಂಪನಿಗೆ ಪಾವತಿ ಮಾಡಿರುತ್ತಾನೆ. ದಡದ ಊರು ಅವನ ಪಾಲಿಗೆ ಕೆಲವು ಗಂಟೆಗಳ ನೋಟ ಮಾತ್ರ. ಆ ಕೆಲವು ಗಂಟೆಗಳನ್ನು ವ್ಯಾಪಾರವನ್ನಾಗಿ ಪರಿವರ್ತಿಸಿಕೊಳ್ಳುವುದು ಹೇಗೆಂಬುದಕ್ಕೆ ಪೋರ್ಚುಗಲ್ ದೇಶದ ಡೌರೋ ನದಿಯ ಕಣಿವೆಯು ಒಳ್ಳೆಯ ನಿದರ್ಶನ. ಅಲ್ಲಿ ದಕ್ಕಿದ್ದಕ್ಕೂ ದಕ್ಕದೆ ಹೋದದ್ದಕ್ಕೂ ಸ್ಪಷ್ಟವಾದ ಕಾರಣಗಳಿವೆ.

ನದಿಯನ್ನು ಹಡಗಿಗೆ ಸಜ್ಜುಗೊಳಿಸಿದ ಬಗೆ

ಡೌರೋ ನದಿಯು ಸ್ಪೇನ್ ದೇಶದಲ್ಲಿ ಹುಟ್ಟಿ ಸುಮಾರು 900 ಕಿಲೋಮೀಟರ್ ಹರಿದು ಪೋರ್ಟೋ ನಗರದ ಬಳಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಕಣಿವೆಯ ಒಳಭಾಗದ ಕಡಿದಾದ ಇಳಿಜಾರುಗಳಲ್ಲಿ ಕಲ್ಲಿನ ಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡಿ ದ್ರಾಕ್ಷಿ ಬೆಳೆಯುತ್ತಾರೆ. ಹುದುಗು ಬರುತ್ತಿರುವ ದ್ರಾಕ್ಷಾರಸಕ್ಕೆ ದ್ರಾಕ್ಷಿಯಿಂದಲೇ ಬಟ್ಟಿಯಿಳಿಸಿದ ಮದ್ಯಸಾರವನ್ನು ಬೆರೆಸಿ, ಸಿಹಿಯನ್ನು ಉಳಿಸಿಕೊಂಡು ತಯಾರಿಸುವ ಪೋರ್ಟ್ ವೈನ್ ಈ ಕಣಿವೆಯ ಸರಕು. (ಗೋವೆಯ ಅಂಗಡಿಗಳಲ್ಲಿ ಅದೇ ಹೆಸರಿನಿಂದ ಮಾರಾಟವಾಗುವ ಸಿಹಿ ಕೆಂಪು ಪಾನೀಯಕ್ಕೂ ಈ ಕಣಿವೆಗೂ ಸಂಬಂಧವಿಲ್ಲ.) 1756ರಲ್ಲಿ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿಯ ಆಡಳಿತದಲ್ಲಿ ಇಲ್ಲಿನ ದ್ರಾಕ್ಷಿ ಪ್ರದೇಶಕ್ಕೆ ಸರಹದ್ದು ಗೊತ್ತುಪಡಿಸಿ, ಮುಂದಿನ ವರ್ಷಗಳಲ್ಲಿ ಗ್ರಾನೈಟ್ ಗಡಿಕಲ್ಲುಗಳನ್ನು ನೆಡಲಾಯಿತು. ಕಾನೂನಿನ ಮೂಲಕ ಎಲ್ಲೆ ಕಟ್ಟಿದ ಜಗತ್ತಿನ ಅತ್ಯಂತ ಹಳೆಯ ವೈನ್ ಪ್ರದೇಶಗಳಲ್ಲಿ ಇದೂ ಒಂದು.

ಆ ಕಾಲದಲ್ಲಿ ನದಿಯು ಸುಲಭದ ದಾರಿಯಾಗಿರಲಿಲ್ಲ. ರಬೇಲೋ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ವೈನಿನ ಪೀಪಾಯಿಗಳನ್ನು ಹೇರಿಕೊಂಡು, ಬಂಡೆ ಸೆಳವುಗಳ ನಡುವೆ ಜೀವ ಕೈಯಲ್ಲಿ ಹಿಡಿದು ಪೋರ್ಟೋವರೆಗೆ ಸಾಗಿಸುತ್ತಿದ್ದರು. ಕಣಿವೆಯ ನಕ್ಷೆಯನ್ನು ರಚಿಸಿದ ವರ್ತಕ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ವಲೇಯ್ರಾ ಎಂಬಲ್ಲಿನ ಸೆಳವಿನಲ್ಲಿಯೇ ದೋಣಿ ಮಗುಚಿ ಮೃತನಾದನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಲವಿದ್ಯುತ್ತಿಗಾಗಿ ಪೋರ್ಚುಗಲ್ ಭಾಗದ ಕಣಿವೆಯಲ್ಲಿ ಐದು ಅಣೆಕಟ್ಟುಗಳು ನಿರ್ಮಾಣಗೊಂಡಾಗ ಈ ಸೆಳವುಗಳು ನೀರಿನಡಿ ಮುಳುಗಿದವು. ಪ್ರತಿ ಅಣೆಕಟ್ಟಿನ ಪಕ್ಕದಲ್ಲಿ ಲಾಕ್ ಎನ್ನುವ ನೀರಿನ ಕೋಣೆಯನ್ನು ಕಟ್ಟಿ, ಅದರಲ್ಲಿ ನೀರು ತುಂಬಿಸಿಯೋ ಇಳಿಸಿಯೋ ಹಡಗನ್ನು ಮೇಲಿನ ಮಟ್ಟಕ್ಕೆ ಅಥವಾ ಕೆಳಗಿನ ಮಟ್ಟಕ್ಕೆ ಸಾಗಿಸುವ ಏರ್ಪಾಡು ಮಾಡಲಾಯಿತು. ಕರಪತೇಲೋ ಅಣೆಕಟ್ಟಿನ ಲಾಕ್ ಹಡಗನ್ನು ಸುಮಾರು 35 ಮೀಟರ್ ಎತ್ತುತ್ತದೆ. 1990ರ ವೇಳೆಗೆ ಪೋರ್ಟೋದಿಂದ ಸ್ಪೇನ್ ಗಡಿಯ ಬಾರ್ಕಾ ದಾಲ್ವಾವರೆಗಿನ ಸುಮಾರು 210 ಕಿಲೋಮೀಟರ್ ಜಲಮಾರ್ಗವು ಪೂರ್ಣವಾಗಿ ತೆರೆಯಿತು. ಸರಕು ಸಾಗಣೆಗೆಂದು ಯೋಚಿಸಿದ ದಾರಿಯಲ್ಲಿ ಇಂದು ಪ್ರವಾಸಿಗಳದ್ದೇ ಮೇಲುಗೈ.

ಇಲ್ಲಿ ಎರಡು ನಿರ್ಬಂಧಗಳನ್ನು ಗಮನಿಸಬೇಕು. ಮೊದಲನೆಯದು, ಲಾಕ್‌ಗಳ ಅಗಲ ಸುಮಾರು 12 ಮೀಟರ್ ಮಾತ್ರ, ಉದ್ದವೂ ಪರಿಮಿತ. ಆದ್ದರಿಂದ ರೈನ್, ಡ್ಯಾನ್ಯೂಬ್ ನದಿಗಳಲ್ಲಿ ಓಡಾಡುವ 135 ಮೀಟರ್ ಉದ್ದದ ಹಡಗುಗಳು ಇಲ್ಲಿಗೆ ಬರಲಾರವು. ಡೌರೋ ನೌಕೆಗಳು ಸಾಮಾನ್ಯವಾಗಿ 80 ಮೀಟರ್ ಆಸುಪಾಸಿನವು. ಪ್ರಯಾಣಿಕರು ನೂರು, ನೂರಮೂವತ್ತು. ಎರಡನೆಯದು, ಈ ನೌಕೆಗಳು ರಾತ್ರಿ ವೇಳೆ ಸಂಚರಿಸುವಂತಿಲ್ಲ. ಸಂಜೆಯಾದೊಡನೆ ಯಾವುದಾದರೊಂದು ಊರಿನ ಕಟ್ಟೆಗೆ ಹಗ್ಗ ಕಟ್ಟಿ ಬೆಳಗಿನವರೆಗೆ ನಿಲ್ಲಲೇಬೇಕು. ಬೇರೆ ನದಿಗಳಲ್ಲಿ ಪ್ರವಾಸಿಯು ನಿದ್ರಿಸುತ್ತಿರುವಾಗಲೇ ಹಡಗು ಮುಂದಿನ ಊರಿಗೆ ಸಾಗಿರುತ್ತದೆ. ಡೌರೋದಲ್ಲಿ ಸಂಜೆಯ ಹೊತ್ತು ದಡಕ್ಕೆ ಸೇರಿದ್ದು. ಕಂಪನಿಗಳಿಗೆ ಅಡಚಣೆಯೆನಿಸುವ ಈ ನಿಯಮವೇ ಊರುಗಳಿಗೆ ದೊರೆತ ಬಂಡವಾಳವೆಂದು ನನ್ನ ಅಭಿಪ್ರಾಯ.

1986ರ ಕಾನೂನು ಬದಲಾವಣೆ

ಆದರೆ ಹಡಗು ಬಂದು ನಿಂತ ಮಾತ್ರಕ್ಕೆ ವ್ಯಾಪಾರವಾಗುವುದಿಲ್ಲ. ಮಾರುವವನಿಗೆ ಮಾರುವ ಹಕ್ಕು ಇರಬೇಕು. 1926ರಲ್ಲಿ ಜಾರಿಗೆ ಬಂದ ವ್ಯವಸ್ಥೆಯ ಪ್ರಕಾರ ಪೋರ್ಟ್ ವೈನ್ ರಫ್ತಾಗಬೇಕಾದರೆ ಅದು ಪೋರ್ಟೋ ನಗರದ ಎದುರು ದಡದಲ್ಲಿರುವ ವಿಲಾ ನೋವಾ ದ ಗಾಯಾದ ಗೋದಾಮುಗಳ ಮೂಲಕವೇ ಹೋಗಬೇಕಿತ್ತು. ದ್ರಾಕ್ಷಿ ಬೆಳೆಯುವುದು ಕಣಿವೆಯ ಮೇಲ್ಭಾಗದಲ್ಲಿ, ವ್ಯಾಪಾರವೆಲ್ಲ ಸಮುದ್ರ ತೀರದಲ್ಲಿ. ಅಲ್ಲಿ ಗೋದಾಮನ್ನೂ ದೊಡ್ಡ ದಾಸ್ತಾನನ್ನೂ ಇಟ್ಟುಕೊಳ್ಳಬಲ್ಲ ಕಂಪನಿಗಳ ಹೆಸರೇ ಸೀಸೆಯ ಮೇಲೆ ಬರುತ್ತಿತ್ತು. ಕಿಂತಾ ಎಂದು ಕರೆಯಲಾಗುವ ದ್ರಾಕ್ಷಿ ತೋಟದ ಸಣ್ಣ ಮಾಲೀಕನು ಹೆಸರಿಲ್ಲದ ಸರಬರಾಜುದಾರನಾಗಿಯೇ ಉಳಿದಿದ್ದನು. ನಮ್ಮ ಎಪಿಎಂಸಿ ಪ್ರಾಂಗಣದ ಒಳಹೊರಗಿನ ವಾದಗಳನ್ನು ಬಲ್ಲ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

1986ರಲ್ಲಿ ಈ ನಿರ್ಬಂಧ ಸಡಿಲಗೊಂಡು ತೋಟದಿಂದಲೇ ನೇರ ರಫ್ತಿಗೆ ಅವಕಾಶವಾಯಿತು. ಹಕ್ಕೇನೋ ದೊರೆಯಿತು, ಆದರೆ ಸಣ್ಣ ತೋಟದ ಹೆಸರನ್ನು ಲಂಡನ್ನಿನಲ್ಲಾಗಲಿ ಪ್ಯಾರಿಸ್ಸಿನಲ್ಲಾಗಲಿ ಬಲ್ಲವರು ಯಾರು? ಜಾಹೀರಾತಿಗೆ ಹಣವಿಲ್ಲ, ವಿದೇಶದಲ್ಲಿ ಏಜೆಂಟರಿಲ್ಲ. ನಾಲ್ಕು ವರ್ಷಗಳ ನಂತರ ನದಿಯು ಗಡಿಯವರೆಗೂ ತೆರೆದುಕೊಂಡಾಗ, ತಾನು ಹುಡುಕಿಕೊಂಡು ಹೋಗಬೇಕಾಗಿದ್ದ ಗಿರಾಕಿಯು ತಾನಾಗಿಯೇ ತೋಟದ ಬಾಗಿಲಿಗೆ ಬರುವ ಸಾಧ್ಯತೆ ಹುಟ್ಟಿತು. ರುಚಿ ನೋಡುವ ಕೊಠಡಿ, ಹಳೆಯ ಕಲ್ಲಿನ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವ ಪದ್ಧತಿಯ ಪ್ರದರ್ಶನ, ತೋಟದ ಮನೆಯಲ್ಲಿ ಊಟ ಇವೆಲ್ಲ ತೋಟದ ಮಾಲೀಕನ ದೃಷ್ಟಿಯಿಂದ ಮನರಂಜನೆಯಲ್ಲ, ಮಾರುಕಟ್ಟೆ ವೆಚ್ಚ. ಇಲ್ಲಿ ಕುಡಿದು ಮೆಚ್ಚಿದವನು ತನ್ನೂರಿಗೆ ಮರಳಿದ ಬಳಿಕ ಅದೇ ಹೆಸರನ್ನು ಅಂಗಡಿಯಲ್ಲಿ ಕೇಳಬೇಕೆಂಬುದೇ ಉದ್ದೇಶ.

ತಂಗುದಾಣಗಳು ಹೇಗೆ ರೂಪುಗೊಂಡವು

ರೇಗ್ವಾ ಪಟ್ಟಣವು ಬಹುಕಾಲದಿಂದ ವೈನ್ ವಹಿವಾಟಿನ ಕೇಂದ್ರ. ಇಲ್ಲಿ 2008ರಲ್ಲಿ ಡೌರೋ ವಸ್ತುಸಂಗ್ರಹಾಲಯವು ತೆರೆಯಿತು. ಇಲ್ಲಿಂದ ಬಸ್ಸಿನಲ್ಲಿ ಲಮೇಗೋಗೆ ಹೋದರೆ ಬೆಟ್ಟದ ಮೇಲಿನ ಮಾತೆಯ ಇಗರ್ಜಿಗೆ ಏರುವ 686 ಮೆಟ್ಟಿಲುಗಳ ಸಾಲು. ವಿಲಾ ರಿಯಾಲ್ ಕಡೆ ಹೋದರೆ ಹದಿನೆಂಟನೆಯ ಶತಮಾನದ ಮತೇವುಸ್ ಅರಮನೆ. ಈ ಅರಮನೆಯ ಚಿತ್ರವು ಜಗತ್ಪ್ರಸಿದ್ಧವಾದ ಒಂದು ಗುಲಾಬಿ ಬಣ್ಣದ ವೈನಿನ ಸೀಸೆಯ ಮೇಲಿದೆ. ಪ್ರತಿ ಸೀಸೆಗಿಷ್ಟೆಂಬ ಗೌರವಧನವನ್ನು ಬಿಟ್ಟು ಒಂದೇ ಗಂಟಿನ ಹಣವನ್ನು ಅರಮನೆಯವರು ಆರಿಸಿಕೊಂಡರೆಂಬ ಕಥೆ ಅಲ್ಲಿ ಚಾಲ್ತಿಯಲ್ಲಿದೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ಹೆಸರನ್ನೂ ಚಿತ್ರವನ್ನೂ ಪರರಿಗೆ ಬಿಟ್ಟುಕೊಡುವ ಮುನ್ನ ನಮ್ಮ ಸದಸ್ಯ ಬಾಂಧವರು ಅದನ್ನೊಮ್ಮೆ ನೆನೆಯಬಹುದು.

ಪಿನ್ಯಾವ್ ಇನ್ನೂ ಚಿಕ್ಕ ಊರು. ಜನವಸತಿ ಸಾವಿರಕ್ಕೂ ಕಡಿಮೆ. ಅಲ್ಲಿನ ರೈಲು ನಿಲ್ದಾಣದ ಗೋಡೆಗಳಿಗೆ ಕೊಯ್ಲಿನ ದೃಶ್ಯಗಳಿರುವ ನೀಲಿ ಹೆಂಚುಗಳನ್ನು 1937ರಲ್ಲಿ ಅಳವಡಿಸಲಾಯಿತು. ಹೊಸದೇನನ್ನೂ ಕಟ್ಟದೆ, ಇದ್ದ ನಿಲ್ದಾಣವನ್ನೇ ಪ್ರವಾಸಿಗಳು ನೋಡಬಂದರು. ಮತ್ತಷ್ಟು ಮೇಲೆ ಕೋವಾ ಉಪನದಿಯ ಕಣಿವೆಯಿದೆ. ಅಲ್ಲಿ ಹಳೆ ಶಿಲಾಯುಗದ ಬಂಡೆಗೀರುಗಳು ಪತ್ತೆಯಾದ ಕಾರಣ ಕಾಮಗಾರಿ ಆರಂಭವಾಗಿದ್ದ ಅಣೆಕಟ್ಟನ್ನೇ 1995ರಲ್ಲಿ ಕೈಬಿಡಲಾಯಿತು. 1998ರಲ್ಲಿ ಆ ತಾಣವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2010ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ದ್ರಾಕ್ಷಿ ಕಣಿವೆಗೆ ಅದೇ ಮನ್ನಣೆ ದೊರೆತದ್ದು 2001ರಲ್ಲಿ.

ಗಂಟೆಗಳ ಲೆಕ್ಕ

ನೌಕಾ ಕಂಪನಿಗಳು ತಮ್ಮ ಕಾರ್ಯಕ್ರಮವನ್ನೂ ದರವನ್ನೂ ಒಂದು ವರ್ಷಕ್ಕೂ ಮೊದಲೇ ನಿಗದಿಪಡಿಸಿ ಪುಸ್ತಿಕೆ ಅಚ್ಚು ಹಾಕಿಸುತ್ತವೆ. ಆ ಪುಸ್ತಿಕೆಯಲ್ಲಿ ಹೆಸರು ಬಂದ ತೋಟಕ್ಕೆ ಇಡೀ ಹಂಗಾಮಿನ ವ್ಯಾಪಾರ ಖಚಿತ. ಬಾರದವನು ಕಟ್ಟೆಯ ಬಳಿ ನಿಂತು ಕಾಯಬೇಕು. ಕಂಪನಿಯು ವೈನಿನ ಗುಣಮಟ್ಟದಷ್ಟೇ ಗಮನದಿಂದ ಬಸ್ಸು ತಿರುಗಲು ಜಾಗವಿದೆಯೇ, ನೂರು ಮಂದಿಗೆ ಸಾಕಾಗುವಷ್ಟು ಶೌಚಾಲಯವಿದೆಯೇ, ವಯಸ್ಸಾದವರು ಮೆಟ್ಟಿಲು ಹತ್ತದೆ ಒಳಗೆ ಬರಬಹುದೇ, ಹೇಳಿದ ವೇಳೆಗೆ ಕಾರ್ಯಕ್ರಮ ಮುಗಿಯುತ್ತದೆಯೇ ಎಂಬುದನ್ನೂ ನೋಡುತ್ತದೆ. ಲಾಕ್ ದಾಟಲು ಹಡಗಿಗೆ ಸರದಿಯ ವೇಳೆ ಗೊತ್ತಾಗಿರುವುದರಿಂದ ಅರ್ಧ ಗಂಟೆಯ ತಡವನ್ನೂ ಅದು ಸಹಿಸಲಾರದು.

ಒಂದು ಹಡಗಿನಲ್ಲಿ 106 ಜನರಿದ್ದಾರೆಂದು ಇಟ್ಟುಕೊಳ್ಳೋಣ. ಮೂರು ಬಸ್ಸು, ಮೂವರು ಮಾರ್ಗದರ್ಶಿಗಳು, ಒಂದು ತೋಟದಲ್ಲಿ ರುಚಿ ನೋಡುವ ಏರ್ಪಾಡು. ಇವುಗಳಿಗೆಲ್ಲ ಹಣ ಕೊಡುವವನು ಕಂಪನಿಯೇ. ಸಗಟು ದರ, ಲಾಭಾಂಶ ಕಡಿಮೆ, ಆದರೆ ಖಾತ್ರಿ. ಪ್ರವಾಸಿಯ ಸ್ವಂತ ಜೇಬಿನಿಂದ ಹಣ ಹೊರಬರುವುದು ಆ ನಂತರದ ಬಿಡುವಿನಲ್ಲಿ. ಹಾಗಾಗಿ ಸಣ್ಣ ಅಂಗಡಿಕಾರನಿಗೆ ಬೇಕಾಗಿರುವುದು ಪ್ರವಾಸಿಗಳ ಸಂಖ್ಯೆಗಿಂತ ಹೆಚ್ಚಾಗಿ ಅವರ ಬಿಡುವಿನ ಸಮಯ. ಬಸ್ಸು ತೋಟದಿಂದ ನೇರವಾಗಿ ಹಡಗಿನ ಊಟದ ಮೇಜಿಗೆ ಮರಳಿಸಿದರೆ ಬೀದಿಗೆ ಏನೂ ದಕ್ಕದು. ಊಟದ ಬಳಿಕ ಹಡಗು ಅಲ್ಲಿಯೇ ನಿಂತಿದ್ದು, ಅಂಗಡಿಗಳು ರಾತ್ರಿ ಒಂಬತ್ತರವರೆಗೆ ತೆರೆದಿದ್ದು, ಕಟ್ಟೆಯಿಂದ ಪೇಟೆಗೆ ದೀಪವಿರುವ ಕಾಲುದಾರಿ ಇದ್ದರೆ ಲೆಕ್ಕವೇ ಬೇರೆ.

ಸರಕಿನ ಆಯ್ಕೆಯೂ ಮುಖ್ಯ. 2006ರಿಂದೀಚೆಗೆ ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಸೀಸೆಯನ್ನು ಒಯ್ಯುವುದಕ್ಕೆ ಯುರೋಪಿನ ಹಲವು ವಿಮಾನ ನಿಲ್ದಾಣಗಳಲ್ಲಿ ನಿರ್ಬಂಧವಿದೆ. ಆದುದರಿಂದ ದೊಡ್ಡ ಸೀಸೆಯನ್ನು ಮೆಚ್ಚಿದವನೂ ಕೊಳ್ಳಲು ಹಿಂಜರಿಯುತ್ತಾನೆ. ಪುಟ್ಟ ಸೀಸೆಗಳು, ಮನೆಗೆ ಕಳುಹಿಸಿಕೊಡುವ ವ್ಯವಸ್ಥೆ, ಬಾದಾಮಿ, ಚಿತ್ರಿತ ಹೆಂಚು, ಬಿರಡೆಯ ಮರದ ತೊಗಟೆಯಿಂದ ಮಾಡಿದ ಚೀಲ ಮತ್ತು ಪರ್ಸು ಇವು ಸಲೀಸಾಗಿ ಸಾಗುವ ವಸ್ತುಗಳು. ರೇಗ್ವಾ ನಿಲ್ದಾಣದಲ್ಲಿ ಬಿಳಿಯ ಮೇಲುಡುಪು ತೊಟ್ಟ ಹೆಂಗಸರು ಕಾಗದದಲ್ಲಿ ಸುತ್ತಿದ ಮಿಠಾಯಿಯನ್ನು ರೈಲು ಪ್ರಯಾಣಿಕರಿಗೆ ಮಾರುವ ವಾಡಿಕೆ ಹಿಂದಿನಿಂದ ಬಂದದ್ದು. ಹಗುರ, ಅಗ್ಗ, ಕೆಡದು, ಹಂಚಲು ಅನುಕೂಲ: ತಂಗುದಾಣದ ಸರಕಿಗೆ ಇರಬೇಕಾದ ಗುಣಗಳೆಲ್ಲ ಅದರಲ್ಲಿವೆ.

ದಡಕ್ಕೆ ದಕ್ಕದ ಪಾಲು

ಚಿತ್ರವು ಪೂರ್ಣ ಉಜ್ವಲವೇನಲ್ಲ. ಚಳಿಗಾಲದ ತಿಂಗಳುಗಳಲ್ಲಿ ನದಿಗೆ ಪ್ರವಾಹ, ಲಾಕ್‌ಗಳಿಗೆ ದುರಸ್ತಿ. ನೌಕೆಗಳು ಹೆಚ್ಚಾಗಿ ಮಾರ್ಚಿನಿಂದ ನವೆಂಬರಿನವರೆಗೆ ಓಡುತ್ತವೆ. ಒಂದೇ ಸಂಜೆ ಪಿನ್ಯಾವ್‌ಗೆ ಮೂರು ಹಡಗು ಬಂದರೆ ಊರಿನ ಬೀದಿ ಇಕ್ಕಟ್ಟಾಗುತ್ತದೆ, ಮರುದಿನ ಬೆಳಿಗ್ಗೆ ಎಲ್ಲ ಖಾಲಿ.

ಇದಕ್ಕಿಂತ ಗಂಭೀರವಾದದ್ದು ಬೆಳೆಗಾರನ ಸ್ಥಿತಿ. ಪ್ರತಿ ವರ್ಷ ಕಣಿವೆಯಲ್ಲಿ ಎಷ್ಟು ಪೋರ್ಟ್ ವೈನ್ ತಯಾರಿಸಬಹುದೆಂಬ ಮಿತಿಯನ್ನು ನಿಯಂತ್ರಣ ಸಂಸ್ಥೆಯು ಘೋಷಿಸುತ್ತದೆ. 550 ಲೀಟರಿನ ಪೀಪಾಯಿಯ ಲೆಕ್ಕದಲ್ಲಿ ಈ ಮಿತಿಯು 2023ರಲ್ಲಿ 1,04,000 ಇದ್ದದ್ದು 2024ರಲ್ಲಿ 90,000ಕ್ಕೂ 2025ರಲ್ಲಿ 75,000ಕ್ಕೂ ಇಳಿಯಿತು. ಜಗತ್ತಿನಲ್ಲಿ ಪೋರ್ಟ್ ಕುಡಿಯುವವರು ಕಡಿಮೆಯಾಗುತ್ತಿದ್ದಾರೆ. ಪೋರ್ಟ್‌ಗೆ ಹೋಗದ ದ್ರಾಕ್ಷಿಗೆ ಬೆಲೆ ಬಹಳ ಕಡಿಮೆ. ತುಂಡು ಭೂಮಿಯ ಬೆಳೆಗಾರನ ಬಳಿ ರುಚಿ ನೋಡುವ ಕೊಠಡಿಯೂ ಇಲ್ಲ, ಬಸ್ಸು ತಿರುಗುವ ಅಂಗಳವೂ ಇಲ್ಲ. ಹಡಗಿನ ಮೇಲಿನಿಂದ ಪ್ರವಾಸಿಯು ಕಣ್ತುಂಬ ನೋಡುವ ಮೆಟ್ಟಿಲು ಹೊಲಗಳನ್ನು ಉಳಿಸಿಕೊಂಡು ಬಂದವನು ಇವನೇ. ಆ ನೋಟಕ್ಕೆ ಇವನಿಗೆ ಯಾರೂ ಹಣ ಕೊಡುವುದಿಲ್ಲ. ಕಟ್ಟೆಯ ಶುಲ್ಕದಲ್ಲಿ ಒಂದು ಅಂಶವನ್ನು ಕಲ್ಲುಗೋಡೆಗಳ ದುರಸ್ತಿಗೆ ಮೀಸಲಿಡುವುದು ನ್ಯಾಯವೆಂದು ತೋರುತ್ತದೆ. ಹೊಲಗಳು ಪಾಳು ಬಿದ್ದರೆ ನೌಕಾ ಕಂಪನಿಗೂ ಮಾರಲು ಏನೂ ಉಳಿಯುವುದಿಲ್ಲ.

ನಮ್ಮ ನಾಡಿಗೆ ಸಂಬಂಧಿಸಿದಂತೆ

ಭಾರತದಲ್ಲಿ ದೀರ್ಘ ನದಿಯಾನಕ್ಕೆ ಹೆಸರಾದದ್ದು 2023ರ ಜನವರಿಯಲ್ಲಿ ವಾರಾಣಸಿಯಿಂದ ದಿಬ್ರುಗಢಕ್ಕೆ ಹೊರಟ ಗಂಗಾ ವಿಲಾಸ್. ಕರ್ನಾಟಕದ ನದಿಗಳಲ್ಲಿ ಅಂಥ ಯಾನವಿಲ್ಲ. ಕೃಷ್ಣೆಯನ್ನು ಡೌರೋ ಆಗಿಸುವ ಮಾತನ್ನು ಈ ಲೇಖಕನು ಆಡುತ್ತಿಲ್ಲ. ಆದರೆ ತೇಲುವ ಹೋಟೆಲಿನ ಬದಲು ಉರುಳುವ ಹೋಟೆಲು ನಮ್ಮಲ್ಲಿ 2008ರಿಂದ ಪರಿಚಿತ. ಸುವರ್ಣ ರಥ ರೈಲಿನ ಪ್ರವಾಸಿಯೂ ಊಟ, ನಿದ್ರೆಗಳನ್ನು ರೈಲಿನಲ್ಲಿಯೇ ಮುಗಿಸಿ ಹಂಪಿ, ಬಾದಾಮಿಗಳಲ್ಲಿ ಕೆಲವೇ ಗಂಟೆ ಇಳಿಯುವವನು. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಬಳಿಕ ನಂದಿ ಕಣಿವೆಯಲ್ಲಿಯೂ ಕೃಷ್ಣಾ ಕಣಿವೆಯಲ್ಲಿಯೂ ವೈನ್ ಘಟಕಗಳಿಗೆ ಉತ್ತೇಜನ ದೊರೆಯಿತು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ವಿಜಯಪುರದ ಒಣದ್ರಾಕ್ಷಿ, ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಿನ್ನಾಳದ ಬೊಂಬೆ ಇವು ವಿಮಾನದ ಕೈಚೀಲದಲ್ಲಿ ತಡೆಯಿಲ್ಲದೆ ಹೋಗುವಂಥವು. ಮದ್ಯದ ಪರವಾನಗಿಯೂ ಬೇಡ.

ಋತುಮಾನದ ವಿಷಯದಲ್ಲಿ ನಾವು ಡೌರೋಗಿಂತ ಅನುಕೂಲದಲ್ಲಿದ್ದೇವೆ. ಅಲ್ಲಿ ಕೊಯ್ಲು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಹಂಗಾಮಿನ ಕೊನೆಯ ಭಾಗದಲ್ಲಿ. ನಮ್ಮಲ್ಲಿ ವೈನ್ ದ್ರಾಕ್ಷಿಯ ಮುಖ್ಯ ಕೊಯ್ಲು ಜನವರಿಯಿಂದ ಮಾರ್ಚಿಯವರೆಗೆ; ಹಂಪಿ, ಬಾದಾಮಿಗಳಿಗೆ ವಿದೇಶಿ ಪ್ರವಾಸಿಗಳು ಹೆಚ್ಚಾಗಿ ಬರುವುದೂ ಅದೇ ತಂಪಿನ ದಿನಗಳಲ್ಲಿ. ಆ ರೈಲು ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಸಂಜೆಯ ಎಷ್ಟು ಗಂಟೆ ಪ್ರವಾಸಿಯ ಕೈಯಲ್ಲಿ ಉಳಿಯುತ್ತದೆ ಎಂಬ ವೇಳಾಪಟ್ಟಿಯನ್ನು ಆಯಾ ಜಿಲ್ಲೆಯ ವರ್ತಕರ ಸಂಘಗಳು ತರಿಸಿಕೊಂಡು, ಮುಂದಿನ ಹಂಗಾಮಿನ ಕಾರ್ಯಕ್ರಮ ಅಚ್ಚಾಗುವ ಮೊದಲೇ ಪ್ರವಾಸೋದ್ಯಮ ಅಧಿಕಾರಿಗಳೊಡನೆ ಮಾತುಕತೆಗೆ ಕುಳಿತುಕೊಳ್ಳಬೇಕಾಗಿದೆ.