ನಗೆಯ ಮರೆಯಲ್ಲಿ ಒಂದು ಪ್ರೇಮಕಥೆ

ನಗಿಸುವುದನ್ನೇ ಕಸುಬಾಗಿ ಹಿಡಿದವರು ತಮ್ಮ ಮನೆಯಲ್ಲಿಯೂ ನಗುತ್ತಿರುವರೋ ಇಲ್ಲವೋ ಎಂಬುದು ಬಲು ಹಳೆಯ ಪ್ರಶ್ನೆ. ಕೆನಡಾ ದೇಶದ ಟೊರಾಂಟೊ ನಗರದಲ್ಲಿ 1987ರಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ರಂಗವೇರಿ ವಿನೋದದ ಮಾತುಗಳಿಂದ ಸಭಿಕರನ್ನು ರಂಜಿಸತೊಡಗಿ, ತರುವಾಯ ಲಂಡನ್ನಿಗೆ ಬಂದು ಹೆಸರು ಗಳಿಸಿದ ಮೇ ಮಾರ್ಟಿನ್ ಎಂಬ ಕಲಾವಿದರು ಈ ಪ್ರಶ್ನೆಗೆ ತಮ್ಮ ಬಾಳನ್ನೇ ಬಿಚ್ಚಿಟ್ಟು ಉತ್ತರ ಹೇಳಿರುವರು. ಆ ಉತ್ತರದ ಹೆಸರು ‘ಫೀಲ್ ಗುಡ್’. ಮೇ ಅವರೂ ಅವರ ಸಹಲೇಖಕರಾದ ಜೋ ಹ್ಯಾಂಪ್ಸನ್ನರೂ ಕೂಡಿ ಟೆಲಿವಿಷನ್ನಿಗಾಗಿ ಬರೆದ ಧಾರಾವಾಹಿಯದು. ಮೊದಲನೆಯ ಭಾಗದ 6 ಕಂತುಗಳು 2020ನೆಯ ಇಸವಿ ಮಾರ್ಚಿಯಲ್ಲಿ ಬ್ರಿಟನ್ನಿನ ಚಾನಲ್ ಫೋರ್ ಸಂಸ್ಥೆಯಿಂದ ಪ್ರಸಾರವಾದವು. ಹೊರದೇಶದವರಿಗೆ ನೆಟ್‌ಫ್ಲಿಕ್ಸಿನ ಮೂಲಕ ದೊರೆತವು. ಎರಡನೆಯ ಭಾಗದ 6 ಕಂತುಗಳು 2021ರ ಜೂನಿನಲ್ಲಿ ಹೊರಬಂದುವು. ಕಥೆ ಅಲ್ಲಿಗೆ ಮುಗಿಯಿತು.

ಮೇ ಅವರನ್ನು ನಾವು ‘ಅವಳು’ ಎನ್ನದೆ ‘ಅವರು’ ಎಂದು ಬರೆಯುತ್ತಿರುವುದು ಕೇವಲ ಮರ್ಯಾದೆಗಾಗಿ ಅಲ್ಲ. ತಾವು ಹೆಣ್ಣು ಗಂಡು ಎಂಬ ಎರಡು ಹೆಸರುಗಳಲ್ಲಿ ಯಾವುದೊಂದಕ್ಕೂ ಪೂರ್ತಿಯಾಗಿ ಒಳಪಟ್ಟವರಲ್ಲವೆಂದು ಅವರು 2021ರಲ್ಲಿ ಬಹಿರಂಗವಾಗಿ ತಿಳಿಸಿದರು. ಇಂಥವರನ್ನು ಯಾವ ಸರ್ವನಾಮದಿಂದ ಕರೆಯಬೇಕೆಂದು ಇಂಗ್ಲಿಷರಲ್ಲಿ ದೊಡ್ಡ ಚರ್ಚೆಯೇ ನಡೆದಿದೆ. ನಮ್ಮ ಹಿರಿಯರು ಅತ್ತೆಗೂ ಮಾವನಿಗೂ ಗುರುವಿಗೂ ಸಮನಾಗಿ ಸಲ್ಲುವ ‘ಅವರು’ ಎಂಬ ಮಾತನ್ನು ಎಂದೋ ಮಾಡಿಟ್ಟಿರುವುದರಿಂದ ಕನ್ನಡಿಗರಿಗೆ ಆ ತೊಡಕು ಅಷ್ಟಾಗಿ ಬಾಧಿಸದು.

ಕಥಾನಾಯಕರ ಹೆಸರೂ ಮೇ. ಆ ಪಾತ್ರವನ್ನು ವಹಿಸಿದವರೂ ಅವರೇ. ಲಂಡನ್ನಿನ ಒಂದು ಸಣ್ಣ ವಿನೋದಶಾಲೆಯಲ್ಲಿ ಮೇ ಅವರ ಹಾಸ್ಯವನ್ನು ಕೇಳಲು ಜಾರ್ಜ್ ಎಂಬ ತರುಣಿ ಮತ್ತೆ ಮತ್ತೆ ಬರುತ್ತಾಳೆ. ಹೆಸರು ಗಂಡಸಿನದಾದರೂ ಆಕೆ ಹೆಣ್ಣುಮಗಳೇ, ಶಾಲೆಯಲ್ಲಿ ಉಪಾಧ್ಯಾಯಿನಿ. ಅಲ್ಲಿಯವರೆಗೆ ಆಕೆ ಪ್ರೀತಿಸಿದ್ದುದೆಲ್ಲ ಗಂಡಸರನ್ನು. ಒಂದು ರಾತ್ರಿ ಮಾತು ಬೆಳೆಯುತ್ತದೆ, ಒಲವು ಮೂಡುತ್ತದೆ. ಕೆಲವೇ ನಿಮಿಷಗಳ ದೃಶ್ಯಗಳಲ್ಲಿ ತಿಂಗಳುಗಳು ಸರಿದು ಇಬ್ಬರೂ ಒಂದೇ ಮನೆಯಲ್ಲಿ ಬಾಳುತ್ತಿರುವುದನ್ನು ಕಾಣುತ್ತೇವೆ. ಬೇರೆ ಕಥೆಗಳು ಮಂಗಳ ಹಾಡುವ ಸ್ಥಳದಲ್ಲಿ ಈ ಕಥೆ ಆರಂಭವಾಗುತ್ತದೆ. ಏಕೆಂದರೆ ಇಬ್ಬರ ಬಳಿಯಲ್ಲಿಯೂ ಒಂದೊಂದು ಗುಟ್ಟು. ಮೇ ಅವರು ಹಿಂದೆ ಮಾದಕ ದ್ರವ್ಯಗಳ ದಾಸರಾಗಿದ್ದವರು. ಅದನ್ನು ಜಾರ್ಜಳಿಗೆ ಹೇಳಿಲ್ಲ. ಜಾರ್ಜಳೋ ತನ್ನ ಮನೆಯವರಿಗೂ ಗೆಳತಿಯರಿಗೂ ಮೇ ಎಂಬವರು ಇದ್ದಾರೆಂಬುದನ್ನೇ ಹೇಳಿಲ್ಲ.

ಈ ಎರಡನೆಯ ಗುಟ್ಟು ನಮ್ಮ ವಾಚಕರಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಇಂಗ್ಲೆಂಡಿನಲ್ಲಿ ಸಲಿಂಗದವರ ವಿವಾಹಕ್ಕೆ 2014ರ ಮಾರ್ಚಿಯಿಂದಲೇ ಕಾನೂನಿನ ಮನ್ನಣೆ ಉಂಟು. ಹಾಗಿರಲು ವಿದ್ಯಾವಂತಳಾದ ಉಪಾಧ್ಯಾಯಿನಿಗೆ ಇದೇತರ ಅಂಜಿಕೆ? ಜಾರ್ಜಳ ವಯಸ್ಸಿನವರು ಎಂತಹ ಶಾಲೆಗಳಲ್ಲಿ ಓದಿದರೆಂಬುದನ್ನು ನೆನೆದರೆ ಉತ್ತರ ಹೊಳೆಯುವುದು. 1988ರಲ್ಲಿ ಬ್ರಿಟನ್ನಿನಲ್ಲಿ ಒಂದು ಶಾಸನವಾಯಿತು. ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮಕ್ಕೆ ಪ್ರೋತ್ಸಾಹ ಕೊಡಕೂಡದೆಂದು ಅದರ ವಿಧಿ. ಆ ಭಯದಿಂದ ಉಪಾಧ್ಯಾಯರನೇಕರು ಆ ವಿಷಯವನ್ನು ತರಗತಿಯಲ್ಲಿ ಬಾಯೆತ್ತಿ ಆಡದಾದರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡು ವೇಲ್ಸುಗಳಲ್ಲಿ 2003ರಲ್ಲಿ ಅದು ರದ್ದಾಯಿತು. ಆದರೆ ಅಷ್ಟರೊಳಗೆ ಒಂದು ತಲೆಮಾರಿನ ಮಕ್ಕಳು ಆ ಮೌನದಲ್ಲಿಯೇ ಬೆಳೆದು ದೊಡ್ಡವರಾಗಿದ್ದರು. ಸರಕಾರ ಒಂದು ಸಹಿಯಿಂದ ಕಾಯಿದೆಯನ್ನು ತೆಗೆದುಹಾಕಬಲ್ಲುದು. ನಾಲಗೆಗೆ ಬಿದ್ದ ಬೀಗ ಅಷ್ಟು ಬೇಗ ತೆರೆಯುವುದುಂಟೆ? ಧಾರಾವಾಹಿಯಲ್ಲಿ ಈ ಶಾಸನದ ಚರಿತ್ರೆಯನ್ನು ಯಾರೂ ಬೋಧಿಸುವುದಿಲ್ಲ. ಜಾರ್ಜಳ ಪಾತ್ರಧಾರಿಣಿ ಷಾರ್ಲೆಟ್ ರಿಚಿಯವರ ಮುಖದಲ್ಲಿ, ಮಾತು ಬಾಯಿಗೆ ಬಂದು ಹಿಂದಿರುಗುವ ಆ ಕ್ಷಣಗಳಲ್ಲಿ, ನಾವಾಗಿಯೇ ಅದನ್ನು ಓದಿಕೊಳ್ಳಬೇಕು.

ಮೇ ಅವರ ಗುಟ್ಟು ಬಯಲಾದ ಮೇಲೆ ಅವರು ‘ನಾರ್ಕೋಟಿಕ್ಸ್ ಅನಾನಿಮಸ್’ ಎಂಬ ಸಂಘದ ಕೂಟಕ್ಕೆ ಹೋಗತೊಡಗುತ್ತಾರೆ. ಈ ಸಂಘದ ವಿಚಾರವಾಗಿ ಎರಡು ಮಾತು ಹೇಳಬೇಕು. ಕುಡಿತಕ್ಕೆ ಸಿಕ್ಕಿದ್ದ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಎಂಬಿಬ್ಬರು 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ, ಕುಡಿತ ಬಿಡಬಯಸುವವರ ಸಂಘವೊಂದನ್ನು ಆರಂಭಿಸಿದರು. ಅದರ ಮಾದರಿಯಲ್ಲಿಯೇ 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಇತರ ಮಾದಕ ದ್ರವ್ಯಗಳಿಗೆ ಬಲಿಯಾದವರ ಸಂಘ ಹುಟ್ಟಿತು. ಅಲ್ಲಿ ಚಂದಾ ತೆರಬೇಕಾದುದಿಲ್ಲ, ಮನೆತನದ ಹೆಸರು ಹೇಳಬೇಕಾದುದಿಲ್ಲ. ವ್ಯಸನವನ್ನು ಬಿಡಬೇಕೆಂಬ ಬಯಕೆಯೊಂದಿದ್ದರೆ ಸಾಕು. ಮೊದಲೇ ಬಿಟ್ಟವರೊಬ್ಬರು ಹೊಸಬರಿಗೆ ಹಿರಿಯಕ್ಕನಂತೆಯೋ ಅಣ್ಣನಂತೆಯೋ ಬೆನ್ನಿಗೆ ನಿಲ್ಲುವರು. ಮೇ ಅವರಿಗೆ ದೊರೆತ ಅಂತಹ ಹಿರಿಯಳು ಮ್ಯಾಗಿ. ಸೋಫಿ ಥಾಂಪ್ಸನ್ನರು ವಹಿಸಿದ ಈ ಪಾತ್ರದ ತಬ್ಬಿಬ್ಬು ನಗು ತರಿಸುತ್ತದೆ. ತನ್ನ ವ್ಯಸನದ ಕಾಲದಲ್ಲಿ ಮಗಳನ್ನೇ ದೂರ ಮಾಡಿಕೊಂಡ ತಾಯಿ ಆಕೆ ಎಂದು ತಿಳಿದಾಗ ಅದೇ ನಗು ಗಂಟಲಲ್ಲಿ ನಿಲ್ಲುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಕೂಟದಲ್ಲಿ ಹೆಸರು ಮರೆಸುವುದು ದುಃಖಿಗಳಿಗೆ ನೆರಳು. ಜಾರ್ಜಳ ಬಳಗದಲ್ಲಿ ಹೆಸರು ಮರೆಸುವುದು ಮೇ ಅವರಿಗೆ ಅವಮಾನ. ಇದಲ್ಲದೆ ಇನ್ನೊಂದು ಸಂಗತಿಯನ್ನೂ ಲೇಖಕರು ಮುಚ್ಚಿಡುವುದಿಲ್ಲ. ಪುಡಿಯನ್ನೋ ಮಾತ್ರೆಯನ್ನೋ ಬಿಟ್ಟ ಮನಸ್ಸು ಬರಿದಾಗಿ ಕುಳಿತಿರದು; ಹಿಡಿದುಕೊಳ್ಳಲು ಬೇರೊಂದನ್ನು ಹುಡುಕುತ್ತದೆ. ಮೇ ಅವರ ಪಾಲಿಗೆ ಜಾರ್ಜಳ ಪ್ರೀತಿಯೇ ಹೊಸ ಅಮಲಾಗುತ್ತದೆ. ಆಕೆ ಒಂದು ಗಳಿಗೆ ಮುಖ ತಿರುಗಿಸಿದರೆ ಕೈಕಾಲು ನಡುಗುವಷ್ಟು ಹಂಬಲ. ಪ್ರೇಮವೇ ಸಕಲ ರೋಗಕ್ಕೂ ಮದ್ದೆಂದು ಕಥೆಗಾರರು ಸಾಮಾನ್ಯವಾಗಿ ಬರೆಯುವರು. ಮದ್ದೇ ರೋಗವಾಗುವ ಬಗೆಯನ್ನು ಇಷ್ಟು ಹಗುರವಾದ ಕೈಯಿಂದ ಬರೆದವರು ವಿರಳ. ಮೊದಲನೆಯ ಭಾಗ ಮುಗಿಯುವ ಹೊತ್ತಿಗೆ ಮೇ ಮತ್ತೆ ಜಾರಿ ಬೀಳುತ್ತಾರೆ.

ಮಕ್ಕಳಿರುವ ಮನೆಯವರು ಮುಖ್ಯವಾಗಿ ನೋಡಬೇಕಾದುದು, ನಮ್ಮ ಎಣಿಕೆಯಲ್ಲಿ, ಮೇ ಅವರ ತಾಯಿ ಲಿಂಡಾಳ ಪಾತ್ರವನ್ನು. ‘ಫ್ರೆಂಡ್ಸ್’ ಧಾರಾವಾಹಿಯಲ್ಲಿ ಫೀಬಿಯಾಗಿ ಲೋಕವನ್ನೆಲ್ಲ ನಗಿಸಿದ ಲೀಸಾ ಕುಡ್ರೋ ಅವರೇ ಈ ತಾಯಿ. ಆಕೆಯೂ ಪತಿ ಮ್ಯಾಲ್ಕಮನೂ ಕೆನಡಾದಲ್ಲಿರುವರು. ಮಗುವಿನೊಡನೆ ಮಾತುಕತೆ ಬಹುಪಾಲು ಕಂಪ್ಯೂಟರಿನ ಪರದೆಯ ಮೇಲೆ. ಹಿಂದೆ ಮೇ ಹದಿಹರೆಯದಲ್ಲಿ ಕೈಮೀರಿದಾಗ ಈ ದಂಪತಿಗಳು ಅವರನ್ನು ಮನೆಯಿಂದ ಹೊರಗೆ ಹಾಕಿದ್ದರು. ಬೇರೆ ದಾರಿಯೇ ಇರಲಿಲ್ಲವೆಂದು ಲಿಂಡಾ ನಂಬಿರುವಳು. ಆ ನಂಬಿಕೆಯನ್ನು ಬಿಟ್ಟರೆ ತಾನು ನಿಲ್ಲುವುದೆಲ್ಲಿ ಎಂಬ ಭಯವೂ ಆಕೆಗೆ ಉಂಟು. ಆದುದರಿಂದ ಆಕೆಯ ಮಾತು ಚುರುಕು, ಚುಚ್ಚು. ಅಕ್ಕರೆ ಬಂದರೂ ಬೈಗುಳದ ವೇಷದಲ್ಲಿಯೇ ಬರುವುದು. ಇಂತಹ ತಾಯಂದಿರನ್ನು ಕಾಣಲು ಕೆನಡಾಕ್ಕೇ ಹೋಗಬೇಕೆಂದಿಲ್ಲ! ಆಕೆಯನ್ನು ದುಷ್ಟಳೆಂದು ಚಿತ್ರಿಸುವುದು ಸುಲಭವಾಗಿತ್ತು. ಲೇಖಕರು ಹಾಗೆ ಮಾಡಿಲ್ಲ. ಹೊರಗೆ ಹಾಕಲ್ಪಟ್ಟ ಮಗುವಿನ ಕೈಯಿಂದಲೇ ಈ ಪಾತ್ರ ರೂಪುಗೊಂಡಿದೆ ಎಂಬುದನ್ನು ನೆನೆದಾಗ ನಮಗೆ ವಿಸ್ಮಯವಾಯಿತು.

ಹೊರಹಾಕಿದ ಮಗು ಎಲ್ಲಿಗೆ ಹೋಯಿತು? ಎರಡನೆಯ ಭಾಗ ಇದನ್ನೇ ಬಿಡಿಸುತ್ತದೆ. ಮೇ ಅವರಿಗಿಂತ ಬಹಳ ಹಿರಿಯನಾದ ಸ್ಕಾಟ್ ಎಂಬ ಹಾಸ್ಯಗಾರನೊಬ್ಬನು ಅವರಿಗೆ ತನ್ನ ಮನೆಯಲ್ಲಿ ಇಂಬು ಕೊಟ್ಟಿದ್ದನು. ಆ ಆಶ್ರಯಕ್ಕೆ ಆತನು ಪಡೆದುಕೊಂಡ ಬೆಲೆಯೇನೆಂಬುದು ಮೇ ಅವರಿಗೆ ತಾವೇ ಒಪ್ಪಿಕೊಳ್ಳಲಾಗದ ನೆನಪು. ಆತನ ಮೇಲೆ ಕೋಪವಿದೆ, ಉಪಕಾರಸ್ಮರಣೆಯೂ ಇದೆ, ಅಂಟಿಕೊಂಡ ಮಮತೆಯೂ ಇದೆ. ಇವುಗಳಲ್ಲಿ ಒಂದನ್ನೇ ಆರಿಸಿಕೊಂಡು ಭಾಷಣ ಮಾಡಿದ್ದರೆ ನೋಟಕರು ಚಪ್ಪಾಳೆ ತಟ್ಟುತ್ತಿದ್ದರೇನೋ. ಹಾಗೆ ಮಾಡದೆ, ಸಿಕ್ಕನ್ನು ಸಿಕ್ಕಾಗಿಯೇ ತೋರಿಸಿ, ಕೊನೆಗೆ ಆತನ ಎದುರಿನಲ್ಲಿ ಕುಳಿತು ಮಾತನಾಡುವ ಧೈರ್ಯವನ್ನು ಮೇ ಅವರಿಗೆ ಕೊಟ್ಟಿರುವರು. ಆ ದೃಶ್ಯದಲ್ಲಿ ಕೂಗಾಟವಿಲ್ಲ.

ದೋಷಗಳಿಲ್ಲವೆಂದಲ್ಲ. ಮ್ಯಾಗಿಯ ಮಗಳು ಲಾವಾಳ ಎಳೆ ಸಡಿಲವಾಗಿದೆ. ಜಾರ್ಜಳ ಮನೆಯಲ್ಲಿರುವ ಫಿಲ್ ಎಂಬ ಅಮೆರಿಕದ ಯುವಕ ಪ್ರಿಯನಾದರೂ, ಅವನ ವಿನೋದ ಒಮ್ಮೊಮ್ಮೆ ಕಥೆಯ ಹೊರಗೇ ಉಳಿಯುತ್ತದೆ. ಶೃಂಗಾರದ ಮಾತೂ ದೃಶ್ಯವೂ ಧಾರಾಳವಾಗಿರುವುದರಿಂದ ಇದು ಎಳೆಯ ಮಕ್ಕಳ ಮುಂದೆ ಹಾಕತಕ್ಕುದಲ್ಲ. ಮನೆಯ ಹಿರಿಯರು ಮಕ್ಕಳು ಮಲಗಿದ ಮೇಲೆ ನೋಡಲಿ. ಒಂದೊಂದು ಕಂತೂ ಅರ್ಧ ಗಂಟೆಯೊಳಗೆ ಮುಗಿಯುವುದು. ನೋಡುವಾಗ ಲಿಂಡಾ ಪರದೆಯ ಆಚೆಯಿಂದ ಮಗುವಿನ ಮುಖವನ್ನು ಹುಡುಕುವ ರೀತಿಯನ್ನು ಸ್ವಲ್ಪ ಗಮನಿಸಬೇಕು. ಮಾತೆಲ್ಲ ಗದರಿಕೆ, ಕಣ್ಣು ಮಾತ್ರ ಮಗು ಸರಿಯಾಗಿ ಊಟಮಾಡಿತೆ, ನಿದ್ದೆಮಾಡಿತೆ ಎಂದು ಕೇಳುತ್ತಿರುತ್ತದೆ.