ಶಸ್ತ್ರವೈದ್ಯದ ಮೊದಲನೆಯ ಪಾಠ

ನಮ್ಮ ತಮ್ಮನ ಮಗಳು ವೈದ್ಯವಿದ್ಯಾರ್ಥಿನಿ. ನಾಲ್ಕೂವರೆ ವರ್ಷಗಳ ವ್ಯಾಸಂಗವು ಮುಗಿದ ಮೇಲೆ ಒಂದು ವರ್ಷಕಾಲ ವಿಭಾಗದಿಂದ ವಿಭಾಗಕ್ಕೆ ಸರದಿಯಂತೆ ಹೋಗಿ ಕೈಕೆಲಸವನ್ನು ಕಲಿಯಬೇಕೆಂಬುದು ನಮ್ಮ ದೇಶದ ನಿಯಮ. ಶಸ್ತ್ರಚಿಕಿತ್ಸೆಯ ಸರದಿ ಬಂದಾಗ, ನಾವು ವಾಸವಾಗಿರುವ ಈ ಸಣ್ಣ ಊರಿನ ಆಸ್ಪತ್ರೆಗೆ ಅವಳನ್ನು ಕಳುಹಿಸಿದರು. ಊಟ ವಸತಿಗಳು ನಮ್ಮ ಮನೆಯಲ್ಲಿಯೇ ಆದುದರಿಂದ ಅವಳು ಕಲಿತುದರಲ್ಲಿ ಸ್ವಲ್ಪ ಭಾಗವು ನಮಗೂ ಲಭಿಸಿತು. ಅದನ್ನು ವಾಚಕರ ಮುಂದಿಡುತ್ತೇವೆ. ರೋಗಿಗಳ ಹೆಸರನ್ನು ಮಾತ್ರ ಅವಳು ನಮಗೂ ಹೇಳಿದವಳಲ್ಲ.

ಬಂದ ಹೊಸದರಲ್ಲಿ ಅವಳ ಮುಖ ಚಿಕ್ಕದಾಗಿತ್ತು. “ದೊಡ್ಡಪ್ಪ, ಇಲ್ಲಿರುವವರು ಒಬ್ಬರೇ ಸರ್ಜನ್ನರು. ನಾನು ಕಲಿಯುವುದೇನು?” ಎಂದಳು. ಒಂದು ವಾರದೊಳಗೆ ಆ ಮಾತು ನಿಂತುಹೋಯಿತು. ದೊಡ್ಡ ಆಸ್ಪತ್ರೆಯಲ್ಲಿ ಮೇಜಿನ ಸುತ್ತಲೂ ಹಿರಿಯರು ನೆರೆದಿರುತ್ತಾರೆ. ಕಿರಿಯರಿಗೆ ಕಾಣುವುದು ಅವರ ಬೆನ್ನು. ಇಲ್ಲಿ ಬೇರೆ ಕೈಗಳಿಲ್ಲದ ಕಾರಣ ಇವಳೇ ಸರ್ಜನ್ನರ ಎದುರಿಗೆ ನಿಲ್ಲಬೇಕಾಯಿತು. ಮೂಟೆ ಹೊರುವವರ ಅಂಡವಾಯು, ಕುಡುಗೋಲಿನ ಗಾಯ, ಸಕ್ಕರೆರೋಗದವರು ಬರಿಗಾಲಿನಲ್ಲಿ ಗದ್ದೆಗಿಳಿದು ತಂದುಕೊಂಡ ಹುಣ್ಣು, ಇವೇ ದಿನದಿನದ ಪಾಠಗಳು.

ಮನೆಯಲ್ಲಿಯೂ ಅಭ್ಯಾಸವು ನಡೆಯುತ್ತಿತ್ತು. ಕಿಟಕಿಯ ಸರಳಿಗೆ ದಾರದ ಗಂಟುಗಳು. ಬಾಳೆಯ ಹಣ್ಣಿನ ಸಿಪ್ಪೆಗೆ ಹೊಲಿಗೆ. ಸಂಸ್ಕೃತ ಓದಿದವರ ಚಾಪಲ್ಯದಿಂದ ನಾವು ಸುಶ್ರುತನನ್ನು ತಂದೆವು. ಕುಂಬಳ, ಸೋರೆ, ಸೌತೆಗಳಲ್ಲಿ ಕೊಯ್ಯುವುದನ್ನೂ, ಬಟ್ಟೆ ಮತ್ತು ಮೆದುವಾದ ಚರ್ಮದ ಅಂಚುಗಳಲ್ಲಿ ಹೊಲಿಯುವುದನ್ನೂ, ತಾವರೆಯ ದಂಟಿನಲ್ಲಿ ಸಿರೆ ಚುಚ್ಚುವುದನ್ನೂ ಶಿಷ್ಯನಿಗೆ ಮೊದಲು ಕಲಿಸತಕ್ಕದ್ದೆಂದು ಆತನ ಸಂಹಿತೆಯಲ್ಲಿ ವಿಧಿಯಿದೆ. ಅವಳು ಆದರದಿಂದ ಕೇಳಿ, “ನಿಜ ದೊಡ್ಡಪ್ಪ, ಆದರೆ ಕುಂಬಳಕಾಯಿಯ ತಾಯಿ ಬಾಗಿಲ ಹೊರಗೆ ಕಾದಿರುವುದಿಲ್ಲ” ಎಂದಳು. ನಮಗೆ ಉತ್ತರ ತೋರಲಿಲ್ಲ.

ಒಂದು ರಾತ್ರಿ ಹತ್ತಿರದ ಹಳ್ಳಿಯಿಂದ ಹನ್ನೆರಡು ವರ್ಷದ ಬಾಲಕನೊಬ್ಬನನ್ನು ಕರೆತಂದರು. ನೋವು ಮೊದಲು ಹೊಕ್ಕುಳಿನ ಸುತ್ತ ಹುಟ್ಟಿ, ಅನಂತರ ಬಲಗಡೆಯ ಕೆಳಹೊಟ್ಟೆಗೆ ಇಳಿದಿತ್ತು. ವಾಂತಿಯೂ ಜ್ವರವೂ ಇದ್ದುವು. ಅಜೀರ್ಣವೆಂದು ಬಗೆದ ಅಜ್ಜಿ ಹರಳೆಣ್ಣೆ ಕುಡಿಸಿದ್ದಳು. ಅದು ಅಜೀರ್ಣವಲ್ಲ, ಅಪೆಂಡಿಕ್ಸ್ ಎಂಬ, ದೊಡ್ಡ ಕರುಳಿನ ಮೊದಲಿಗೆ ಅಂಟಿಕೊಂಡಿರುವ ಹುಳುವಿನಾಕಾರದ ಸಣ್ಣ ನಳಿಗೆಯ ಉರಿಯೂತ. ಇಂತಹ ಹೊಟ್ಟೆಗೆ ಭೇದಿಯ ಔಷಧವನ್ನು ಎಂದಿಗೂ ಕೊಡಕೂಡದು. ಉರಿತು ಬಾತ ನಳಿಗೆಯು ಒಡೆಯಬಹುದು. ಎರಡು ದಿನ ಕಳೆದಿದ್ದ ಈ ಬಾಲಕನಲ್ಲಿ ಅದು ಒಡೆದೇ ಇದ್ದಿತು.

ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ತೆರೆದು, ಕೀವನ್ನು ತೊಳೆದುದಾಯಿತು. ಒಳಗೆ ಇಡುವ ಬಟ್ಟೆಗಳನ್ನೆಲ್ಲಾ ಹಲಗೆಯ ಮೇಲೆ ಬರೆದು, ಹೊರಬಂದುವನ್ನು ಎಣಿಸಿ ಲೆಕ್ಕ ಕೂಡಿದ ಮೇಲೆಯೇ ಗಾಯವನ್ನು ಮುಚ್ಚುವುದು ಕ್ರಮ. ಹತ್ತು ಒಳಹೋಗಿದ್ದುವು. ದಾದಿಯವರು ಎಣಿಸಿ “ಹತ್ತು, ಸರಿ” ಎಂದರು. ನಮ್ಮ ಹುಡುಗಿಯ ಕಣ್ಣಿಗೆ ಒಂಬತ್ತೇ ಕಂಡುವು. ಸಮಯ ಎರಡು ಗಂಟೆ. ಸರ್ಜನ್ನರ ಕೈಯಲ್ಲಿ ಸೂಜಿ ಬಂದಾಗಿತ್ತು. ಅವರೂ ದಾದಿಯವರೂ ಅನುಭವದಲ್ಲಿ ಹಣ್ಣಾದವರು. ಇವಳು ನಿನ್ನೆ ಮೊನ್ನೆ ಬಂದವಳು. ಕಡೆಗೆ “ಸಾರ್, ಒಂದು ಕಡಿಮೆ” ಎಂದಳು.

ಸರ್ಜನ್ನರು ಸೂಜಿಯನ್ನು ಕೆಳಗಿಟ್ಟರು. ದಾದಿಯವರು ಮತ್ತೊಮ್ಮೆ ಎಣಿಸಿದರು: ಒಂಬತ್ತು. ಮಡಿಸಿಕೊಂಡಿದ್ದ ಒಂದನ್ನು ಎರಡೆಂದು ಎಣಿಸಿದ್ದರು. ಹುಡುಕಿದಾಗ ಹತ್ತನೆಯದು ಕರುಳಿನ ಹಿಂದೆ, ರಕ್ತದಲ್ಲಿ ತೊಯ್ದು ಮಾಂಸದ ಬಣ್ಣವನ್ನೇ ತಾಳಿ, ಅಡಗಿದ್ದಿತು. ಯಾರೂ ಮಾತನಾಡಲಿಲ್ಲ. ಬೆಳಗ್ಗೆ ಅವರು ಇವಳನ್ನು ಕರೆದು, “ಹೇಳುವುದಕ್ಕೆ ಮೊದಲು ಎಷ್ಟು ಹೊತ್ತು ಯೋಚಿಸಿದೆಯಮ್ಮಾ?” ಎಂದು ಕೇಳಿದರಂತೆ. “ಸ್ವಲ್ಪ ಹೊತ್ತು, ಸಾರ್.” “ಮುಂದಿನ ಸಲ ಅಷ್ಟೂ ಬೇಡ.”

ಈ ಎಣಿಕೆಯ ಮಹತ್ವವು ಲೋಕಕ್ಕೆಲ್ಲ ಒಪ್ಪಿತವಾದುದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಒಂದು ಸುರಕ್ಷತಾಪಟ್ಟಿಯನ್ನು ಹೊರಡಿಸಿತು. ಶಸ್ತ್ರವನ್ನೆತ್ತುವ ಮೊದಲು ಕೊಠಡಿಯಲ್ಲಿದ್ದವರೆಲ್ಲರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿಕೊಳ್ಳುವುದು, ಕಡೆಗೆ ಬಟ್ಟೆ ಸೂಜಿಗಳ ಲೆಕ್ಕವನ್ನು ಒಪ್ಪಿಸುವುದು ಅದರಲ್ಲಿ ಸೇರಿವೆ. ಹೆಸರು ಹೇಳಿಕೊಂಡವರಿಗೆ ಮುಂದೆ ಬಾಯಿ ಬಿಡುವುದೂ ಸುಲಭವಾಗುತ್ತದಷ್ಟೆ. ನವದೆಹಲಿ, ಲಂಡನ್ ಮೊದಲುಗೊಂಡು ತಾಂಜಾನಿಯ ದೇಶದ ಇಫಾಕರವೆಂಬ ಸಣ್ಣ ಊರಿನವರೆಗೆ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಶಸ್ತ್ರಚಿಕಿತ್ಸೆಗೊಳಗಾದವರಲ್ಲಿ ನೂರಕ್ಕೆ 1.5ರಷ್ಟಿದ್ದ ಮರಣವು 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು.

ಆ ಬೆಳಗ್ಗೆ ಜಗಲಿಯಲ್ಲಿ ಕುಳಿತು ಅವಳು ಇದನ್ನು ಹೇಳುವಾಗ ಕಾಫಿಯ ಲೋಟ ನಡುಗುತ್ತಿತ್ತು. ನಮಗೆ ಬೇರೊಂದು ನೆನಪಾಯಿತು. ಬಹಳ ವರ್ಷಗಳ ಹಿಂದೆ ನಾವು ಕರಿಹಲಗೆಯ ಮೇಲೆ ಬರೆದ ಒಂದು ರೂಪವನ್ನು ತಪ್ಪೆಂದು ಹೇಳಿದ ಹುಡುಗನನ್ನು, ಉದ್ಧಟನೆಂದು ಬಗೆದು ಬಾಗಿಲ ಹೊರಗೆ ನಿಲ್ಲಿಸಿದ್ದೆವು. ಅವನು ಹೇಳಿದ್ದೇ ಸರಿ ಎಂಬುದನ್ನು ಮನೆಗೆ ಬಂದು ವ್ಯಾಕರಣ ನೋಡಿ ತಿಳಿದೆವು. ಆದರೆ ಮರುದಿನ ಅವನಿಗೆ ಅದನ್ನು ಹೇಳಲಿಲ್ಲ. ಅವನು ಮತ್ತೆಂದೂ ನಮ್ಮ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ನಮ್ಮ ತಪ್ಪಿನಿಂದ ಯಾರ ಪ್ರಾಣವೂ ಹೋಗಲಿಲ್ಲವೆಂಬುದೇ ಸಮಾಧಾನವಾದರೆ ಅದು ಅಲ್ಪ ಸಮಾಧಾನ.

ಹನ್ನೊಂದನೆಯ ದಿನ ಬಾಲಕನು ನಡೆದುಕೊಂಡೇ ಊರಿಗೆ ಹೊರಟನು. ಅಜ್ಜಿ ಸೆರಗಿನಲ್ಲಿ ಅವರೆಕಾಯಿ ತಂದು, “ಎಣ್ಣೆ ಕುಡಿಸಿದವಳು ನಾನೇ ತಾಯಿ” ಎಂದು ಅತ್ತಳಂತೆ. ಅವಳನ್ನು ಹಳಿಯಲಾಗದು, ಅವಳಿಗೆ ತಿಳಿದವರು ಹೇಳಿರಲಿಲ್ಲ. ವಾಚಕರು ತಮ್ಮ ಮನೆಯ ಹಿರಿಯರಿಗೆ ಈ ಮಾತನ್ನು ತಿಳಿಸಲಿ. ಮನೆಯ ಕಿರಿಯರು “ಒಂದು ಕಡಿಮೆ” ಎಂದಾಗ, ಗದರುವುದಕ್ಕೆ ಮೊದಲು, ಇನ್ನೊಮ್ಮೆ ಎಣಿಸಿ ನೋಡಲಿ.