ಜಾಳಿಗೆಮನೆಯಲ್ಲಿ ಲಾವುಗೆಯ ಸಾಕಣೆ ಮತ್ತು ವಂಶಾಭಿವೃದ್ಧಿ

ಸಿಂದಗಿ ತಾಲ್ಲೂಕಿನ ಯಂಕಂಚಿ ಮೊದಲಾದ ಗ್ರಾಮಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳವು ಮೊಳಕಾಲೆತ್ತರಕ್ಕೆ ಬಂದ ಸಮಯದಲ್ಲಿ ಸಾಲಿನ ನಡುವೆ ನಡೆದು ಹೋಗುವವನ ಕಾಲ ಬುಡದಿಂದಲೇ ಒಂದು ಸಣ್ಣ ಹಕ್ಕಿಯು ಬುರ್ರೆಂದು ಹಾರಿ, ಸ್ವಲ್ಪ ದೂರದಲ್ಲಿ ಮತ್ತೆ ಬೆಳೆಯೊಳಗೆ ಅಡಗಿಕೊಳ್ಳುವುದನ್ನು ನಮ್ಮ ಒಕ್ಕಲಿಗರೆಲ್ಲರೂ ಬಲ್ಲರು. ಇದೇ ಲಾವುಗೆಯು. ಇದನ್ನು ಲಾವಕ್ಕಿಯೆಂದೂ ಬುರ್ಲಿಯೆಂದೂ ಕರೆಯುವುದುಂಟು. ಗೌಜಲಹಕ್ಕಿಯು ಇದರ ಕುಲಕ್ಕೆ ಸೇರಿದುದಾದರೂ ಗಾತ್ರದಲ್ಲಿ ಬಹಳ ದೊಡ್ಡದು. ಅವೆರಡನ್ನೂ ಒಂದೇ ಎಂದು ಭಾವಿಸಬಾರದು.

ಲಾವುಗೆಯ ಪರಿಚಯವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳನ್ನು ವರ್ಣಿಸುವಾಗ ಕೋಳಿಯ ಕಾಳಗದೊಡನೆ ಲಾವುಗೆಯ ಕಾಳಗವನ್ನೂ ಹೇಳಿದೆ. ಅಂದಿನ ಸಾಕಣೆಯು ವಿನೋದಕ್ಕಾಗಿ. ಇಂದಿನದು ತತ್ತಿಗಾಗಿ ಮತ್ತು ಮಾಂಸಕ್ಕಾಗಿ. ಈ ಸಾಕಣೆಯಲ್ಲಿ ಲಾಭವೆಷ್ಟು, ತೊಡಕೆಷ್ಟು ಎಂಬುದನ್ನು ಊರ ಹಿರಿಯರೂ ಜಮೀನುದಾರರೂ ಮೊದಲೇ ತಿಳಿದಿರುವುದು ಅವಶ್ಯವು. ಏಕೆಂದರೆ ಒಬ್ಬ ದೊಡ್ಡ ಒಕ್ಕಲಿಗನು ಕೈಗೊಂಡ ಕೆಲಸವನ್ನು ಹತ್ತು ಜನ ಸಣ್ಣ ರೈತರು ಸಾಲ ಮಾಡಿಯಾದರೂ ಅನುಸರಿಸುವರು.

ಕಾಡು ಲಾವುಗೆಯನ್ನು ಹಿಡಿಯಬಾರದು

ಎಲ್ಲಕ್ಕೂ ಮೊದಲು ಹೇಳತಕ್ಕ ಮಾತು ಇದು. ಹೊಲದಲ್ಲಿರುವ ಲಾವುಗೆಯನ್ನು ಉರುಲು ಇಲ್ಲವೆ ಬಲೆ ಒಡ್ಡಿ ಹಿಡಿಯುವುದು, ಕೊಲ್ಲುವುದು, ಮಾರುವುದು, ಅದರ ತತ್ತಿಗಳನ್ನು ಎತ್ತುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧವು. ಕಾಯಿದೆಯ ಮಾತು ಹಾಗಿರಲಿ, ಈ ಹಕ್ಕಿಯು ಒಕ್ಕಲಿಗನ ಹೊಲಕ್ಕೆ ವೈರಿಯಲ್ಲ. ಕಳೆಯ ಬೀಜ, ಗೆದ್ದಲು, ಮಿಡತೆಯ ಮರಿ, ಸಣ್ಣ ಹುಳುಗಳು ಇವೇ ಅದರ ಆಹಾರದ ದೊಡ್ಡ ಪಾಲು. ಸುಗ್ಗಿಯಲ್ಲಿ ಉದುರಿದ ಕಾಳನ್ನು ಅದು ಆಯ್ದುಕೊಂಡರೆ ನಷ್ಟವೇನೂ ಇಲ್ಲ. ತಮ್ಮ ಹೊಲಗಳಲ್ಲಿ ಬಲೆ ಒಡ್ಡುವವರನ್ನು ಜಮೀನುದಾರರು ತಡೆದರೆ ಈ ಹಕ್ಕಿಯು ಉಳಿಯುವುದು. ಅವರು ನೋಡಿಯೂ ನೋಡದಂತಿದ್ದರೆ ಯಾವ ಕಾಯಿದೆಯೂ ಅದನ್ನು ಉಳಿಸಲಾರದು.

ಸಾಕುವುದಕ್ಕೆ ಯೋಗ್ಯವಾದುದು ಜಪಾನಿ ಲಾವುಗೆಯೆಂಬ ಬೇರೆ ಜಾತಿಯು. ಜಪಾನಿನಲ್ಲಿ ಇದನ್ನು ಮೊದಲು ಕೂಗಿನ ಇಂಪಿಗಾಗಿ ಸಾಕುತ್ತಿದ್ದರು. 20ನೆಯ ಶತಮಾನದ ಆರಂಭದಲ್ಲಿ ಹೆಚ್ಚು ತತ್ತಿಯಿಡುವ ತಳಿಗಳನ್ನು ಆರಿಸಿ ಬೆಳೆಸಿದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ತಳಿಗಳು ಬಹುಮಟ್ಟಿಗೆ ನಾಶವಾಗಿ, ಉಳಿದ ಕೆಲವೇ ಹಕ್ಕಿಗಳಿಂದ ಮತ್ತೆ ವೃದ್ಧಿಯಾದುವು. ಭಾರತಕ್ಕೆ ಇದು 1974ರಲ್ಲಿ ಕ್ಯಾಲಿಫೋರ್ನಿಯದಿಂದ ಬರೇಲಿಯ ಬಳಿಯ ಇಜ್ಜತ್‌ನಗರಕ್ಕೆ ಬಂದಿತು. ಅಲ್ಲಿಯ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯು ಉತ್ತಮ, ಉಜ್ವಲ, ಶ್ವೇತ ಮೊದಲಾದ ತಳಿಗಳನ್ನು ಸಿದ್ಧಪಡಿಸಿದೆ. ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದಿಂದ ನಂದನಂ ಎಂಬ ತಳಿಯು ಬಂದಿದೆ.

ಈ ಹಕ್ಕಿಯ ಸಾಕಣೆಗೆ 2011ರಲ್ಲಿ ಕೇಂದ್ರ ಸರಕಾರವು ನಿರ್ಬಂಧ ವಿಧಿಸಿ ಆಮೇಲೆ ಅದನ್ನು ಸಡಿಲಿಸಿದ್ದುಂಟು. ಆದುದರಿಂದ ಮರಿಗಳನ್ನು ಕೊಂಡ ರಸೀತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು; ತನ್ನಲ್ಲಿರುವುದು ಸಾಕಿದ ಹಕ್ಕಿಯೇ ಹೊರತು ಕಾಡಿನದಲ್ಲ ಎಂಬುದಕ್ಕೆ ಅದೇ ಆಧಾರವು. ಸಾಕಿದ ಹಕ್ಕಿಗಳನ್ನು ಹೊಲಕ್ಕೆ ಬಿಡಲೂ ಬಾರದು. ಚಳಿಗಾಲದಲ್ಲಿ ನಮ್ಮಲ್ಲಿಗೆ ವಲಸೆ ಬರುವ ಲಾವುಗೆಯೊಡನೆ ಇವು ಕೂಡಿ ಬೆರಕೆ ಸಂತತಿ ಹುಟ್ಟಿದರೆ ಕಾಡು ಹಕ್ಕಿಯ ವಂಶವು ಕೆಡುವುದು. ಯುರೋಪಿನಲ್ಲಿ ಬೇಟೆಗಾಗಿ ಸಾಕಿದ ಹಕ್ಕಿಗಳನ್ನು ಬಿಟ್ಟದ್ದರಿಂದ ಹೀಗಾಗಿದೆ.

ಜಾಳಿಗೆಮನೆಯ ರಚನೆ

ಎರೆಭೂಮಿಯಲ್ಲಿ ಮನೆ ಕಟ್ಟುವಾಗಿನ ಕಷ್ಟಗಳೇ ಹಕ್ಕಿಯ ಮನೆಗೂ ಉಂಟು. ಬೇಸಗೆಯಲ್ಲಿ ಎರೆಯು ಆಳವಾಗಿ ಬಿರಿಯುವುದು. ಆ ಬಿರುಕುಗಳು ಇಲಿಗೂ ಹಾವಿಗೂ ದಾರಿಯಾಗುವುವು. ಮಳೆಗಾಲದಲ್ಲಿ ಅದೇ ನೆಲವು ನೀರು ಹಿಡಿದು ಕೆಸರಾಗುವುದು. ಒದ್ದೆ ನೆಲದಲ್ಲಿ ಲಾವುಗೆಯು ಬದುಕಲಾರದು. ಆದಕಾರಣ ಆರಿಸಿದ ಸ್ಥಳದಲ್ಲಿ ಎರೆಯನ್ನು ಒಂದೂವರೆ ಅಡಿಯಷ್ಟು ತೆಗೆದು, ಗರಸು ತುಂಬಿ ಬಡಿದು, ಸುತ್ತಲಿನ ನೆಲಕ್ಕಿಂತ ಒಂದು ಅಡಿ ಎತ್ತರವಾಗಿ ಕಟ್ಟೆ ಮಾಡಬೇಕು. ಕಟ್ಟೆಯ ಅಂಚಿಗೆ ಕಲ್ಲಿನ ಗೋಡೆಯಿದ್ದರೆ ಒಳ್ಳೆಯದು. ಕಟ್ಟೆಯ ಮೇಲೆ ಮೂರು ಅಂಗುಲ ಮರಳು ಹರಡಬೇಕು.

ಇಪ್ಪತ್ತನಾಲ್ಕು ಹಕ್ಕಿಗಳ ಸಂಸಾರಕ್ಕೆ 12 ಅಡಿ ಉದ್ದ, 5 ಅಡಿ ಅಗಲ, 6 ಅಡಿ ಎತ್ತರದ ಮನೆಯು ಸಾಕು. ಇದನ್ನು ಉದ್ದಕ್ಕೆ ತಲಾ 4 ಅಡಿಯ ಮೂರು ಕೋಣೆಗಳಾಗಿ ವಿಭಾಗಿಸಬೇಕು. ಕಾರಣವನ್ನು ಮುಂದೆ ಹೇಳಿದೆ. ಸುತ್ತಲೂ ಅರ್ಧ ಅಂಗುಲ ಕಣ್ಣಿನ ತಂತಿಯ ಜಾಳಿಗೆಯನ್ನು ಬಿಗಿದು, ಅದರ ಕೆಳ ಅಂಚನ್ನು ಒಂದೂವರೆ ಅಡಿ ನೆಲದೊಳಗೆ ಹೂಳತಕ್ಕದ್ದು. ದೊಡ್ಡ ಕಣ್ಣಿನ ಜಾಳಿಗೆಯೊಳಗೆ ಇಲಿಯೂ ಹಾವೂ ನುಸುಳುವುವು. ಬೆಕ್ಕು ಮುಂಗುಸಿಗಳು ಪಂಜ ತೂರಿಸಿ ಹಕ್ಕಿಯ ತಲೆಯನ್ನು ಹಿಡಿಯುವುವು. ಬಾಗಿಲಿನ ಮುಂದೆ ಇನ್ನೊಂದು ಸಣ್ಣ ಬಾಗಿಲಿರಲಿ. ಒಂದನ್ನು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆದರೆ ಹಕ್ಕಿಯು ತಪ್ಪಿಸಿಕೊಳ್ಳಲಾರದು.

ಮೇಲ್ಛಾವಣಿಯ ವಿಷಯದಲ್ಲಿ ಒಂದು ವಿಶೇಷವುಂಟು. ಬೆದರಿದ ಲಾವುಗೆಯು ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮುವುದು. ಗಟ್ಟಿಯಾದ ಮಾಡಿಗೆ ತಲೆ ಬಡಿದು ಗಾಯವಾಗುವುದು, ಕೆಲವು ಸಲ ಸಾಯುವುದೂ ಉಂಟು. ಆದುದರಿಂದ ಮಾಡಿನ ಒಳಬದಿಗೆ ಒಂದು ಅಡಿ ಕೆಳಗೆ ನೂಲಿನ ಬಲೆಯನ್ನು ಸಡಿಲಾಗಿ ಕಟ್ಟಬೇಕು. ಮಾಡಿನ ಮೂರರಲ್ಲಿ ಎರಡು ಭಾಗಕ್ಕೆ ಜೋಳದ ಕಣಿಕೆಯನ್ನು ದಪ್ಪನಾಗಿ ಹೊದಿಸಿ, ಉಳಿದ ಭಾಗವನ್ನು ಬೆಳಗಿನ ಬಿಸಿಲಿಗಾಗಿ ಜಾಳಿಗೆಯಿಂದ ಮುಚ್ಚಿ ಬಿಡತಕ್ಕದ್ದು. ಮುಂಗಾರಿನ ಗಾಳಿಯು ಪಡುವಣದಿಂದ ಬೀಸುವುದರಿಂದ ಆ ಬದಿಗೆ ಗೋಡೆಯನ್ನಾಗಲಿ ತಟ್ಟಿಯನ್ನಾಗಲಿ ಕಟ್ಟಬೇಕು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು. ಆಗ ಬೇವಿನ ಮರದ ನೆರಳು, ತಟ್ಟಿಗೆ ಕಟ್ಟಿದ ಒದ್ದೆ ಗೋಣಿ, ದಿನಕ್ಕೆ ಮೂರು ಸಲ ಬದಲಿಸಿದ ತಣ್ಣೀರು ಇವಿಲ್ಲದಿದ್ದರೆ ಹಕ್ಕಿಗಳು ಬಾಯ್ದೆರೆದು ತೇಕಿ ಸಾಯುವುವು. ಒಳಗೆ ಒಂದು ಮೂಲೆಯಲ್ಲಿ ಮರಳೂ ಬೂದಿಯೂ ಬೆರೆತ ತಟ್ಟೆಯನ್ನಿಟ್ಟರೆ ಅದರಲ್ಲಿ ಹೊರಳಾಡಿ ಹೇನುಗಳನ್ನು ಕಳೆದುಕೊಳ್ಳುವುವು. ಅಡಗುವುದಕ್ಕೆ ಹುಲ್ಲಿನ ಕಂತೆಗಳಿರಲಿ.

ಆಹಾರ

ಬೆಳೆದ ಹಕ್ಕಿಗೆ ದಿನಕ್ಕೆ ಸುಮಾರು 25 ಗ್ರಾಂ ಮೇವು ಬೇಕು. ಬರಿಯ ಜೋಳವನ್ನು ಚೆಲ್ಲಿದರೆ ತತ್ತಿಯು ಬಾರದು; ಚಿಕ್ಕ ಮೈಯಿಂದ ಹೆಚ್ಚು ತತ್ತಿ ಕೊಡುವ ಈ ಹಕ್ಕಿಗೆ ನೂರಕ್ಕೆ 22 ಪಾಲು ಸಸಾರಜನಕವಿರುವ ಮೇವು ಅವಶ್ಯವು. ನೂರು ಭಾಗದಲ್ಲಿ ಜೋಳದ ನುಚ್ಚು 50, ಎಣ್ಣೆ ತೆಗೆದ ಸೋಯಾ ಹಿಂಡಿ 27, ಶೇಂಗಾ ಹಿಂಡಿ 5, ಮೀನಿನ ಪುಡಿ 5, ಅಕ್ಕಿಯ ತೌಡು 5, ಸುಣ್ಣಕಲ್ಲಿನ ಪುಡಿ 6, ಖನಿಜ ಮಿಶ್ರಣ 2 ಹೀಗೆ ಬೆರೆಸಿದರೆ ಈ ಪ್ರಮಾಣವು ಸರಿಹೊಂದುವುದು. ಜೀವಸತ್ತ್ವಗಳನ್ನು ಪಶುವೈದ್ಯರ ಸಲಹೆಯಂತೆ ಸೇರಿಸಬೇಕು. ಮೂರು ವಾರದೊಳಗಿನ ಮರಿಗಳಿಗೆ ಸಸಾರಜನಕವು ನೂರಕ್ಕೆ 27 ಪಾಲು ಇರಬೇಕು, ಸುಣ್ಣವು ಬಹಳ ಕಡಿಮೆಯಿರಬೇಕು. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವು ಹುಟ್ಟಿರುವುದು; ಅಂಥದನ್ನು ಒಣಗಿಸಿ ಹಾಕಿದರೂ ವಿಷವು ಹೋಗದು.

ತತ್ತಿ, ಕಾವು ಮತ್ತು ಮರಿ

ಮೂರು ವಾರಕ್ಕೆ ಗಂಡು ಹೆಣ್ಣುಗಳ ಭೇದವು ಕಾಣುವುದು. ಗಂಡಿನ ಎದೆಯು ಇಟ್ಟಿಗೆಯ ಬಣ್ಣದ್ದು. ಹೆಣ್ಣಿನ ಎದೆಯು ಬೂದು ಬಣ್ಣದ್ದಾಗಿ ಕಪ್ಪು ಚುಕ್ಕೆಗಳಿಂದ ಕೂಡಿರುವುದು. ಆರೇಳು ವಾರಕ್ಕೆ ಹೆಣ್ಣು ತತ್ತಿಯಿಡಲಾರಂಭಿಸುವುದು. ತತ್ತಿಯ ತೂಕವು ಸುಮಾರು 10 ಗ್ರಾಂ. ಐದು ತತ್ತಿಗಳು ಒಂದು ಕೋಳಿತತ್ತಿಗೆ ಸಮವು. ಬಹುಪಾಲು ತತ್ತಿಗಳು ಮಧ್ಯಾಹ್ನದ ಮೇಲೆ ಬೀಳುವುದರಿಂದ ಅವನ್ನು ಸಂಜೆಗೇ ಆರಿಸಿಕೊಳ್ಳಬೇಕು. ತತ್ತಿ ನಿಲ್ಲದೆ ಬರಬೇಕಾದರೆ ದಿನಕ್ಕೆ 14 ರಿಂದ 16 ತಾಸು ಬೆಳಕು ಬೇಕು. ಚಳಿಗಾಲದ ಹಗಲು ಸಾಲದಾದುದರಿಂದ ಕತ್ತಲಾದ ಮೇಲೆ ಮೂರು ನಾಲ್ಕು ತಾಸು ದೀಪವಿಡತಕ್ಕದ್ದು.

ಸಾಕಿದ ಲಾವುಗೆಯು ಕಾವಿಗೆ ಕೂರುವ ಸ್ವಭಾವವನ್ನು ಮರೆತಿರುವುದು. ಕಾವುಯಂತ್ರವಿಲ್ಲದವರು ಕಾವಿಗೆ ಕುಳಿತ ಹಗುರವಾದ ಜವಾರಿ ಕೋಳಿಯ ಕೆಳಗೆ ತತ್ತಿಗಳನ್ನಿಡಬಹುದು. ಭಾರವಾದ ಕೋಳಿಯು ತೆಳು ಚಿಪ್ಪನ್ನು ತುಳಿದು ಒಡೆಯುವುದು. ಯಂತ್ರದಲ್ಲಿ ಉಷ್ಣವು 37.5 ಡಿಗ್ರಿ ಇರಬೇಕು. ಮೊದಲ 14 ದಿನ ತತ್ತಿಗಳನ್ನು ದಿನಕ್ಕೆ ಹಲವು ಸಲ ಹೊರಳಿಸಿ, ಆಮೇಲೆ ಮುಟ್ಟದೆ ಬಿಡಬೇಕು. 17 ಇಲ್ಲವೆ 18ನೆಯ ದಿನಕ್ಕೆ ಮರಿಗಳು ಹೊರಬರುವುವು. ಏಳು ದಿನಗಳಿಗಿಂತ ಹಳೆಯ ತತ್ತಿಯನ್ನು ಕಾವಿಗಿಡಬಾರದು. ಬೇಸಗೆಯಲ್ಲಿ ಇಟ್ಟ ತತ್ತಿಯು ಕಾವಿಗೆ ಮೊದಲೇ ಬಿಸಿಲಿನ ಝಳಕ್ಕೆ ಕೆಡುವುದರಿಂದ ನಮ್ಮ ಸೀಮೆಯಲ್ಲಿ ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಮರಿ ಮಾಡುವುದಕ್ಕೆ ಉತ್ತಮವು.

ಹುಟ್ಟಿದ ಮರಿಯ ತೂಕವು ಏಳೆಂಟು ಗ್ರಾಂ ಮಾತ್ರ. ಮೊದಲ ವಾರ 35 ಡಿಗ್ರಿಯ ಬೆಚ್ಚಗೆ ಬೇಕು. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ನುಣುಪಾದ ಕಾಗದದ ಮೇಲೆ ಬಿಟ್ಟರೆ ಕಾಲು ಜಾರಿ ಕುಂಟಾಗುವುವು, ಗೋಣಿತಟ್ಟು ಹಾಸಬೇಕು. ನೀರಿನ ತಟ್ಟೆಯಲ್ಲಿ ಬಿದ್ದು ಮುಳುಗಿ ಸಾಯುವುದು ಸಾಮಾನ್ಯವಾದುದರಿಂದ ತಟ್ಟೆಯೊಳಗೆ ಹರಳುಗಳನ್ನು ತುಂಬಿ, ಅವುಗಳ ಸಂದಿನಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡತಕ್ಕದ್ದು.

ವಂಶವನ್ನು ಕಾಪಾಡುವ ಕ್ರಮ

ಲಾವುಗೆಯ ಸಾಕಣೆಯು ಅನೇಕರಲ್ಲಿ ಎರಡನೆಯ ವರ್ಷಕ್ಕೆ ಕೆಡುವುದು. ರೋಗವಿಲ್ಲ, ಮೇವಿಗೆ ಕೊರತೆಯಿಲ್ಲ. ಆದರೂ ತತ್ತಿಗಳು ಜಳ್ಳಾಗುವುವು, ಹೊರಬಂದ ಮರಿಗಳು ಬಲಹೀನವಾಗಿ ಸಾಯುವುವು. ಮೇವಿನವನನ್ನೋ ಯಂತ್ರವನ್ನೋ ದೂರುವುದರಿಂದ ಪ್ರಯೋಜನವಿಲ್ಲ. ಒಂದೇ ತಾಯಿತಂದೆಗಳ ಸಂತತಿಯಲ್ಲಿ ಅಣ್ಣತಂಗಿಯರನ್ನೇ ಕೂಡಿಸುತ್ತ ಬಂದರೆ ಕೋಳಿಗಿಂತಲೂ ಬೇಗನೆ ಈ ಹಕ್ಕಿಯ ವಂಶವು ಕುಗ್ಗುವುದು. ಮೂರು ನಾಲ್ಕು ತಲೆಮಾರಿಗೆ ಅದು ಮರಿ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ನಮ್ಮ ಹಿರಿಯರು ತಮ್ಮ ಹೋರಿಯನ್ನು ಅದರ ಮಗಳಿಗೆ ಬಿಡದೆ ನೆರೆಯೂರಿನ ಹೋರಿಯನ್ನು ತರುತ್ತಿದ್ದುದು ಈ ಕಾರಣದಿಂದಲೇ.

ಮೂರು ಕೋಣೆಗಳ ಪ್ರಯೋಜನವು ಇಲ್ಲಿಯೇ. ಸಾಧ್ಯವಾದರೆ ಮೂರು ಬೇರೆ ಬೇರೆ ಕಡೆಗಳಿಂದ ಹಕ್ಕಿಗಳನ್ನು ತಂದು, ಒಂದೊಂದು ಕೋಣೆಯಲ್ಲಿ ಎರಡು ಗಂಡು, ಆರು ಹೆಣ್ಣುಗಳನ್ನಿಡಬೇಕು. ಮರಿಗಳ ಕಾಲಿಗೆ ಕೋಣೆಗೊಂದರಂತೆ ಬಣ್ಣದ ಉಂಗುರ ಹಾಕಬೇಕು. ಮುಂದಿನ ತಲೆಮಾರಿಗೆ ಹೆಣ್ಣುಮರಿಗಳನ್ನು ಹುಟ್ಟಿದ ಕೋಣೆಯಲ್ಲಿಯೇ ಉಳಿಸಿ, ಮೊದಲ ಕೋಣೆಯ ಗಂಡುಮರಿಗಳನ್ನು ಎರಡನೆಯದಕ್ಕೂ, ಎರಡನೆಯದರವನ್ನು ಮೂರನೆಯದಕ್ಕೂ, ಮೂರನೆಯದರವನ್ನು ಮೊದಲನೆಯದಕ್ಕೂ ಕಳುಹಿಸತಕ್ಕದ್ದು. ಪ್ರತಿ ತಲೆಮಾರಿಗೂ ಇದೇ ಕ್ರಮವು. ಇದರಿಂದ ಅಣ್ಣತಂಗಿಯರ ಕೂಟವು ತಪ್ಪುವುದು. ಇಷ್ಟಾದರೂ ವರ್ಷಕ್ಕೊಮ್ಮೆ ಕೆಲವು ಗಂಡುಗಳನ್ನು ಹೊರಗಿನಿಂದ ತರುವುದು ಲೇಸು. ನೆರೆಹೊರೆಯ ಎರಡು ಮೂರು ಊರುಗಳವರು ಪರಸ್ಪರ ಗಂಡುಗಳನ್ನು ಬದಲಿಸಿಕೊಂಡರೆ ಹಣದ ವೆಚ್ಚವೂ ಉಳಿಯುವುದು.

ರೋಗಗಳು

ಲಾವುಗೆಯು ಕೋಳಿಗಿಂತ ಗಟ್ಟಿಯಾದ ಹಕ್ಕಿಯೆಂಬುದು ನಿಜವು. ಆದರೆ ಕರುಳುಹುಣ್ಣಿನ ರೋಗಕ್ಕೆ ಬಹಳ ಬೇಗ ತುತ್ತಾಗುವುದು. ಹಿಕ್ಕೆಯಿಂದ ಕೆಟ್ಟ ನೆಲವೂ ನೀರೂ ಅದರ ಮೂಲವು. ವಾರಕ್ಕೊಮ್ಮೆ ಮೇಲಿನ ಮರಳನ್ನು ತೆಗೆದು ಹೊಸದನ್ನು ಹರಡುವುದೇ ಒಳ್ಳೆಯ ಔಷಧವು. ಕೋಳಿಗಳೊಡನೆ ಒಂದೇ ಆವರಣದಲ್ಲಿ ಸಾಕಬಾರದು. ಒಮ್ಮೆಲೇ ಹಲವು ಹಕ್ಕಿಗಳು ಸತ್ತರೆ ಅವನ್ನು ಮಾರದೆ, ತಿಪ್ಪೆಗೆ ಎಸೆಯದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು. ಹಕ್ಕಿಜ್ವರವಿದ್ದರೆ ಒಬ್ಬನು ಮುಚ್ಚಿಟ್ಟ ಸಂಗತಿಯು ಇಡೀ ಊರಿನ ಕೋಳಿಗಳಿಗೆ ಮೃತ್ಯುವಾಗುವುದು.

ಆಯವ್ಯಯದ ವಿಚಾರ

ಇಪ್ಪತ್ತನಾಲ್ಕು ಹಕ್ಕಿಗಳಿಗೆ ದಿನಕ್ಕೆ 600 ಗ್ರಾಂ, ವರ್ಷಕ್ಕೆ 219 ಕಿಲೋ ಮೇವು ಬೇಕು. ಒಳ್ಳೆಯ ವ್ಯವಸ್ಥೆಯಲ್ಲಿ ಹೆಣ್ಣೊಂದು ವರ್ಷಕ್ಕೆ 250 ತತ್ತಿಗಳನ್ನಿಡುವುದಾದರೂ ನಾವು 200 ಎಂದೇ ಹಿಡಿಯೋಣ. ಹದಿನೆಂಟು ಹೆಣ್ಣುಗಳಿಂದ 3600 ತತ್ತಿ, ತೂಕದಲ್ಲಿ 36 ಕಿಲೋ. ಎಂದರೆ ತತ್ತಿಯೊಂದಕ್ಕೆ ಸುಮಾರು 60 ಗ್ರಾಂ ಮೇವು, ಒಂದು ಕಿಲೋ ತತ್ತಿಗೆ ಆರು ಕಿಲೋ ಮೇವು ತಗಲಿದಂತಾಯಿತು. ಒಳ್ಳೆಯ ಕೋಳಿಯು ಇದರ ಅರ್ಧಕ್ಕಿಂತ ಕಡಿಮೆ ಮೇವಿನಲ್ಲಿ ಅಷ್ಟೇ ತೂಕದ ತತ್ತಿಯನ್ನು ಕೊಡುವುದು. ಆದುದರಿಂದ ಲಾವುಗೆಯ ತತ್ತಿಯನ್ನು ತೂಕಕ್ಕೆ ಸರಿಯಾಗಿ ಕೋಳಿತತ್ತಿಯ ದರಕ್ಕೇ ಮಾರುವವನಿಗೆ ನಷ್ಟವೇ ಸಿದ್ಧವು. ವಿಜಯಪುರ, ಕಲಬುರಗಿ, ಸೊಲ್ಲಾಪುರಗಳಂಥ ಪಟ್ಟಣಗಳಲ್ಲಿ ಹೆಚ್ಚಿನ ಬೆಲೆ ಕೊಡುವ ಗಿರಾಕಿಯನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಹಕ್ಕಿಗಳನ್ನು ಹೆಚ್ಚಿಸತಕ್ಕದ್ದು. ಐದಾರು ವಾರದ ಗಂಡುಗಳನ್ನು ಮಾಂಸಕ್ಕೆ ಮಾರುವುದರಿಂದಲೂ ಕೆಲವು ಹಣ ಬರುವುದು.

ಮರಿಯನ್ನು ಮಾರಿ, ಬೆಳೆದ ಹಕ್ಕಿಯನ್ನು ತಾವೇ ಹೆಚ್ಚಿನ ಬೆಲೆಗೆ ಕೊಳ್ಳುವೆವೆಂದು ಮಾತು ಕೊಡುವವರು ಊರಿಗೆ ಬಂದರೆ ಜಾಗರೂಕರಾಗಿರಬೇಕು. ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಎಮು ಎಂಬ ದೊಡ್ಡ ಪಕ್ಷಿಯ ಸಾಕಣೆಯು ಇಂಥ ಮಾತುಗಳ ಮೇಲೆಯೇ ಬೆಳೆದು 2012ರಲ್ಲಿ ಕುಸಿದು, ಸಾವಿರಾರು ಜನರು ಹಣ ಕಳೆದುಕೊಂಡರು. ಪಕ್ಷಿಯಲ್ಲಿ ದೋಷವಿರಲಿಲ್ಲ, ಅದನ್ನು ತಿನ್ನುವ ಗಿರಾಕಿಯೇ ಇರಲಿಲ್ಲ.

ಆದಕಾರಣ ಅನುಕೂಲವುಳ್ಳ ಜಮೀನುದಾರರು ಮೊದಲು ಒಂದು ಜಾಳಿಗೆಮನೆಯನ್ನು ಮಾತ್ರ ಕಟ್ಟಿ, ಒಂದು ವರ್ಷದ ಮೇವು, ತತ್ತಿ, ಮರಿ, ಸಾವು, ಮಾರಾಟ ಇವುಗಳ ಲೆಕ್ಕವನ್ನು ದಿನಂಪ್ರತಿ ಬರೆದಿಡಲಿ. ವಿಜಯಪುರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ತಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿಯೂ ವಿಚಾರಿಸಿ ಮುಂದುವರಿಯಲಿ. ವರ್ಷಾಂತ್ಯಕ್ಕೆ ಆ ಲೆಕ್ಕದ ಪುಸ್ತಕವನ್ನು ಊರ ಚಾವಡಿಯಲ್ಲಿ ತೆರೆದು ತೋರಿಸಿದರೆ, ಅದರಲ್ಲಿ ಲಾಭವಿರಲಿ ನಷ್ಟವಿರಲಿ, ಸಣ್ಣ ರೈತನು ತನ್ನ ದುಡ್ಡನ್ನು ಹಾಕಬೇಕೋ ಬೇಡವೋ ಎಂಬುದನ್ನು ತಾನೇ ನಿರ್ಣಯಿಸಿಕೊಳ್ಳುವನು.